ಹೆಲ್ಮೆಟ್ಟಿನಲ್ಲಿ ಕಾವಿಗೆ ಕೂತ ಕೆಂಪಿ

ಕೋಳಿ ಸಾಕಿದವರ ಮನೆಯಲ್ಲಿ ಮೊಟ್ಟೆ ತಪ್ಪಬಹುದು, ರಾದ್ಧಾಂತ ತಪ್ಪದು. ನಮ್ಮ ಹನೂರಿನ ಮನೆಯಲ್ಲಂತೂ ಕೇಳಲೇಬೇಡಿ. ಕೊಳ್ಳೇಗಾಲ, ಯಳಂದೂರು, ಹನೂರು ಮೂರೂ ತಾಲ್ಲೂಕು ಜಾಲಾಡಿದರೂ ಕೋಳಿಯ ಮುಖ ನೋಡಿ ಅದರ ಮನಸ್ಸು ಹೇಳಬಲ್ಲ ಗಂಡಸು ನಾನೊಬ್ಬನೇ. ಇದನ್ನು ನಾನೇ ಹೇಳಿಕೊಳ್ಳುತ್ತಿರುವುದು ಯಾಕೆಂದರೆ, ಬೇರೆ ಯಾರೂ ಹೇಳುತ್ತಿಲ್ಲ.

ಹೆಲ್ಮೆಟ್ ಎಲ್ಲಿ?

ನಮ್ಮ ಹೇಂಟೆ ಕೆಂಪಿ ಒಂದು ಬೆಳಿಗ್ಗೆ ಕಾಣಲಿಲ್ಲ. ಹುಡುಕಿದರೆ, ಮಂಚದ ಕೆಳಗೆ ಮಗುಚಿಟ್ಟಿದ್ದ ನನ್ನ ಹೆಲ್ಮೆಟ್ಟಿನೊಳಗೆ ಕೂತಿದ್ದಾಳೆ. ಪುಕ್ಕವೆಲ್ಲ ಉಬ್ಬಿ ಒಂದು ಕೋಳಿ ಎರಡಾಗಿದೆ. ಕೈ ಚಾಚಿದೆ, "ಕುರ್ರ್" ಎಂದು ಕುಕ್ಕಿದಳು. ಹೊಟ್ಟೆಯಡಿ ಬೆರಳು ತೂರಿಸಿದೆ, ಕಾದ ಹೆಂಚು! ಮುಂದೆ ಜೋಳ ಸುರಿದರೂ ಏಳಲಿಲ್ಲ.

"ಕಾವಿಗೆ ಕೂತವ್ಳೆ," ಎಂದು ತೀರ್ಪು ಕೊಟ್ಟೆ.

"ಮೊಟ್ಟೆನೇ ಇಲ್ವಲ್ರೀ ಅದ್ರೊಳಗೆ," ಎಂದಳು ಹೆಂಡತಿ.

ಕಾವಿನ ಮಹಿಮೆಯೇ ಅದು. ಮೊಟ್ಟೆ ಇಲ್ಲದಿದ್ದರೂ ತಾಯಿ ಆಗಬೇಕೆನಿಸಿದ ಮೇಲೆ ಮುಗಿಯಿತು. ಬರಿತಲೆಯಲ್ಲೇ ಕೊಳ್ಳೇಗಾಲಕ್ಕೆ ಬೈಕು ಹತ್ತಿದೆ. ಸರ್ಕಲ್ಲಿನಲ್ಲಿ ಪೊಲೀಸಪ್ಪ ಹಿಡಿದ.

"ಹೆಲ್ಮೆಟ್ ಎಲ್ರೀ?"

"ಕೋಳಿ ಕಾವಿಗೆ ಕೂತದೆ ಸಾ."

ನಂಬಲಿಲ್ಲ. ಹೆಂಡತಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಕೆಂಪಿ ಪರದೆಯ ಆಚೆಯಿಂದಲೇ ಅವನನ್ನು ಕುಕ್ಕಲು ಬಂದಳು. ಬೆಚ್ಚಿ ಹಿಂದೆ ಸರಿದವನು ಕೇಳಿದ, "ಎಷ್ಟು ಮೊಟ್ಟೆ ಇಟ್ಟಿದ್ದೀರಿ?"

"ಒಂದೂ ಇಲ್ಲ ಸಾ. ಬರೀ ಹೆಲ್ಮೆಟ್ಟು."

ಪೊಲೀಸಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಫೋನು ಕೈಗಿಟ್ಟ. "ಓಗಿ ಸ್ವಾಮಿ. ಮರಿ ಹೆಲ್ಮೆಟ್ ಆದ್ಮೇಲೆ ಒಂದ್ನಾದ್ರೂ ತಲೆಗಾಕ್ಕಳಿ."

ಕಾವು ಬಿಡಿಸಿದ್ದು

ಕೆಂಪಿ ಮೊಟ್ಟೆ ನಿಲ್ಲಿಸಿದಳು. ಮೇಯುವುದನ್ನೂ ಬಿಟ್ಟು ಸೊರಗಿದಳು. ಕಾವು ಬಿಡಿಸಲೇಬೇಕಾಯಿತು. ತಣ್ಣೀರಲ್ಲಿ ಅದ್ದಬೇಕು ಎಂದರು ಯಾರೋ. ಅದ್ದಿದೆ. ಅವಳು ಒಮ್ಮೆ ಕೊಡವಿಕೊಂಡು ಮತ್ತೆ ಹೆಲ್ಮೆಟ್ ಸೇರಿದಳು. ಜ್ವರ ಬಂದು ಕಂಬಳಿ ಹೊದ್ದವನು ನಾನು.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬಂದರು. "ಮೂಗಿನ ತೂತಿಗೆ ಒಂದು ಪುಕ್ಕ ತೂರ್ಸಿ. ಅದ್ನ ತೆಗ್ಯೋ ಗ್ಯಾನದಲ್ಲಿ ಕಾವು ಮರೀತದೆ."

ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ಮೊದ್ಲು ನಿಮ್ಮ ಮೂಗಿಗೆ ತೂರ್ಸಿಕೊಂಡು ನೋಡಿ ಮೇಷ್ಟ್ರೇ. ನೀವೇನೇನು ಮರೀತೀರೋ ನೋಡಾವ."

ಕೊನೆಗೆ ನನ್ನ ಬುದ್ಧಿಯೇ ಗತಿ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅವಳನ್ನು ಕೂಡಿಸಿ, ನುಗ್ಗೆ ಮರದ ನೆರಳಿಗೆ ತೂಗುಹಾಕಿದೆ. ಒಳಗೆ ನೀರು, ಕಾಳು. ಹುಲ್ಲಿಲ್ಲ, ಕತ್ತಲಿಲ್ಲ. ತಳದ ಸಂದಿಯಿಂದ ಗಾಳಿ ಆಡಿದರೆ ಹೊಟ್ಟೆ ತಣ್ಣಗಾಗಿ ಕಾವು ತಾನೇ ಇಳಿಯುತ್ತದೆ. ಬೀದಿಯವರನ್ನೆಲ್ಲ ಕರೆದು ಈ ವಿದ್ಯೆ ವಿವರಿಸಿದೆ. ಕೆಂಪಿ ಮಾತ್ರ ಉಯ್ಯಾಲೆಯಲ್ಲಿ ಕಣ್ಣು ಮುಚ್ಚಿ ತೂಗಿಸಿಕೊಳ್ಳುತ್ತಿದ್ದಳು.

"ಸೀಮಂತ ಯಾವತ್ತು?" ಎಂದು ಕೇಳಿ ಹೋದರು ಮೇಷ್ಟ್ರು.

ಅಕ್ಕನ ಫೋನು

ಆ ಸಂಜೆಯೇ ಕೌದಳ್ಳಿಯಿಂದ ಅಕ್ಕ ಅಳುತ್ತಾ ಫೋನು ಮಾಡಿದಳು.

"ಲೇ ತಮ್ಮ, ಅತ್ತೆಯ ಬೋಳುಕತ್ತಿನ ಕೋಳಿನ ನಾಯಿ ಕಚ್ಕಂಡ್ ಓಯ್ತು ಕಣ್ಲಾ!"

ಅಕ್ಕನ ಅತ್ತೆ ಎಂದರೆ ಸಾಮಾನ್ಯ ಹೆಂಗಸಲ್ಲ. ಮಗಳ ಬಾಣಂತನಕ್ಕೆ ಮಾರ್ಟಳ್ಳಿಗೆ ಹೋಗುವಾಗ ಮನೆ, ಮಗ, ಎಮ್ಮೆ ಯಾವುದರ ಬಗ್ಗೆಯೂ ಹೇಳದೆ, "ಕೋಳಿ ಜ್ವಾಕೆ" ಎಂದಷ್ಟೇ ಹೇಳಿ ಬಸ್ಸು ಹತ್ತಿದ್ದರು. ಅವರ ತಾಯಿ ಕಾಲದಿಂದ ಬಂದ ತಳಿ ಅದು. ಉಳಿದಿದ್ದು ಅದೊಂದೇ.

"ಮೊಟ್ಟೆ?" ಎಂದೆ.

"ರಾಗಿ ಮಡಕೇಲಿ ಉದುಗ್ಸಿಟ್ಟಿವ್ನಿ, ಆರು. ಊರಲ್ಲಿ ಒಂದು ಕೋಳಿನೂ ಕಾವಿಗೆ ಕೂತಿಲ್ಲ ಕಣ್ಲಾ."

ಓಡಿಹೋಗಿ ಕ್ರೇಟು ಇಳಿಸಿದೆ. ಅಷ್ಟೊತ್ತಿಗೆ ಕೆಂಪಿ ಎದ್ದು ನಿಂತು ಕಾಳು ಹೆಕ್ಕುತ್ತಿದ್ದಳು! ಬದುಕಿನಲ್ಲಿ ಮೊದಲ ಸಲ ನನ್ನ ವಿದ್ಯೆ ಫಲಿಸಿದೆ, ಅದೂ ಇವತ್ತೇ. ಕತ್ತಲ ಮೂಲೆಗೆ ಹೆಲ್ಮೆಟ್ ಇಟ್ಟು, ಹುಲ್ಲು ಹಾಸಿ, ಸದ್ಯಕ್ಕೆ ಮೊಟ್ಟೆಯ ಬದಲು ಮೂರು ನಿಂಬೆಹಣ್ಣಿಟ್ಟು ಕೈಮುಗಿದೆ. "ತಾಯಿ, ನಾನು ಮಾಡಿದ್ದೆಲ್ಲ ಮರ್ತುಬುಡು."

ಕೆಂಪಿ ನನ್ನನ್ನು ನೋಡಿದಳು, ನಿಂಬೆಹಣ್ಣು ನೋಡಿದಳು, ಇಳಿದು ಕೂತಳು. ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯಡಿಗೆ ಎಳೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಂದಳು, "ಅವ್ಳು ಮರ್ತ್ಲು. ನಾನು ಮರ್ತಿಲ್ಲ."

ಬೆಟ್ಟದ ಬಸ್ಸಿನಲ್ಲಿ

ಕಾವಿಗೆ ಕೂತ ಕೋಳಿಯ ಜಾಗ ಬದಲಿಸಿದರೆ ಮನಸ್ಸು ಕೆಡುತ್ತದೆ. ಹಾಗಾಗಿ ಮೊಟ್ಟೆಗಳೇ ಕೋಳಿಯ ಬಳಿಗೆ ಬರಬೇಕು. ಕೌದಳ್ಳಿಗೆ ಹೋಗಿ ಆರೂ ಮೊಟ್ಟೆಯನ್ನು ಹತ್ತಿ, ಟವೆಲ್ಲಿನಲ್ಲಿ ಸುತ್ತಿ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಹನೂರಿನ ಬಸ್ಸು ಹತ್ತಿದೆ. ಮಾದಪ್ಪನ ಬೆಟ್ಟದಿಂದ ಬರುವ ಬಸ್ಸು, ಕಾಲಿಡಲು ಜಾಗವಿಲ್ಲ. ಹೇಗೋ ಸೀಟು ಸಿಕ್ಕಿತು. ಎರಡೂ ಮೊಣಕೈ ಅಗಲಿಸಿ, ಉಸಿರು ಬಿಗಿಹಿಡಿದು ಕೂತೆ.

"ವಸಿ ಸರ್ಕಳಿ ಸಾ," ಎಂದ ಕಂಡಕ್ಟರ್.

"ಆಗಾಕಿಲ್ಲ!"

ಒಬ್ಬ ಭಕ್ತ ತನ್ನ ಚೀಲ ನನ್ನ ತೊಡೆಯ ಮೇಲಿಡಲು ಬಂದ. "ಮುಟ್ಟಿದ್ರೆ ನೋಡು!" ಎಂದು ಅಬ್ಬರಿಸಿದೆ. ಇನ್ನೊಬ್ಬರು ಪ್ರಸಾದದ ಲಾಡು ಕೊಟ್ಟರು. ಕೈ ತೆಗೆದರೆ ಮೊಟ್ಟೆ ಜಾರುತ್ತದೆಂದು ಬೇಡವೆಂದೆ.

ಪಕ್ಕದ ಅಜ್ಜಿ ಅಷ್ಟು ಹೊತ್ತೂ ನೋಡುತ್ತಿದ್ದರು. "ಆ ಯಪ್ಪನ್ನ ಬುಟ್ಬುಡಿ," ಎಂದರು. "ನಮ್ಮನೆ ಏಂಟೆನೂ ಕಾವಿಗೆ ಕೂತಾಗ ಇಂಗೇ ಆಡದು."

ಗತಿಯಿಲ್ಲದೆ ನಿಜ ಹೇಳಿದೆ. ಕ್ಷಣದಲ್ಲಿ ಬಸ್ಸೇ ಬದಲಾಯಿತು. ನೂಕುತ್ತಿದ್ದವರೇ ಕೈ ಹಿಡಿದು ಕೋಟೆ ಕಟ್ಟಿದರು. ರಸ್ತೆಯ ಪ್ರತಿ ಉಬ್ಬಿಗೂ ಇಡೀ ಬಸ್ಸು "ಉಘೇ ಮಾದಪ್ಪ" ಎಂದು ಉಸಿರು ಹಿಡಿಯಿತು. ಆರು ಮೊಟ್ಟೆಗೆ ಅಷ್ಟೊಂದು ಜನ ಕಾವು ಕೊಟ್ಟಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹನೂರು ಬಂತು. ಕಂಡಕ್ಟರ್ ಕೂಗಿದ, "ಡ್ರೈವರಣ್ಣ, ಮೆಲ್ಲಗೆ ನಿಲ್ಸು! ಬಸುರಿ ಇಳೀತಾವ್ರೆ!"

ಸೊಸೆ ಬಂದಳು

ನಿಂಬೆಹಣ್ಣು ತೆಗೆದು ಮೊಟ್ಟೆ ಇಟ್ಟೆವು. ಒಂದು ವಾರದ ಮೇಲೆ ಮೊಬೈಲ್ ಟಾರ್ಚಿಗೆ ಒಂದನ್ನು ಹಿಡಿದೆ. ಒಳಗೆ ಜೇಡರ ಬಲೆಯಂಥ ಕೆಂಪು ನರ, ನಡುವೆ ಮಿಡಿಯುವ ಒಂದು ಚುಕ್ಕೆ. ಹೆಂಡತಿಯೂ ನಾನೂ ತಲೆಗೆ ತಲೆ ತಾಗಿಸಿ ನೋಡಿದೆವು. ಇನ್ನೇನು ಒಡೆಯಬೇಕು ಎನ್ನುವ ದಿನ ಮೊಟ್ಟೆಯೊಳಗಿಂದಲೇ "ಚಿಂವ್" ಎಂಬ ಸದ್ದು ಬಂತು. ಕೆಂಪಿ ತಲೆ ತಗ್ಗಿಸಿ, ಅದುವರೆಗೆ ನಾವು ಕೇಳಿರದ ಮೆತ್ತನೆ ದನಿಯಲ್ಲಿ ಉತ್ತರ ಕೊಟ್ಟಳು. ಹುಟ್ಟುವ ಮುಂಚೆಯೇ ತಾಯಿ ಮಕ್ಕಳ ಮಾತು!

ಐದು ಮರಿ ಬಂದವು. ಮೂರರ ಕತ್ತು ಬೋಳು! ಸ್ವಲ್ಪ ಬಲಿತ ಮೇಲೆ ತಾಯಿ ಮಕ್ಕಳನ್ನು ಬಿದಿರಿನ ಮಂಕರಿಯಲ್ಲಿ ಮುಚ್ಚಿಕೊಂಡು ಕೌದಳ್ಳಿಗೆ ಹೋದೆ. ಮಾರನೆಯ ದಿನವೇ ಅತ್ತೆ ಮಾರ್ಟಳ್ಳಿಯಿಂದ ಬಂದಿಳಿದರು.

ಅಂಗಳಕ್ಕೆ ಬಂದವರು ನಿಂತೇ ಬಿಟ್ಟರು. ಅಕ್ಕ ಕಂಬದ ಹಿಂದೆ, ನಾನು ಅಕ್ಕನ ಹಿಂದೆ.

"ನನ್ನ ಕೋಳಿ ಎಲ್ಲವ್ವ?"

"ನಾಯಿ ಕಚ್ಕಂಡೋಯ್ತು ಅತ್ತೆ. ಮರಿ ಉಳ್ಸಿವ್ನಿ."

ಅತ್ತೆ ಬಗ್ಗಿ, ಬೋಳುಕತ್ತಿನ ಮರಿಯೊಂದಕ್ಕೆ ಕೈ ಚಾಚಿದರು. ಕೆಂಪಿ ಹಾರಿ ಬಂದು ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿದಳು. ಆ ಮನೆಯಲ್ಲಿ ಅವರಿಗೆ ಎದುರು ನಿಂತ ಜೀವ ಅದುವರೆಗೆ ಹುಟ್ಟಿರಲಿಲ್ಲ. ಎಮ್ಮೆ ಕೂಡ ಮೆಲುಕು ನಿಲ್ಲಿಸಿತು.

ಅತ್ತೆ ಬೆರಳು ಸೀಪಿದರು. ಕೆಂಪಿಯನ್ನು ದಿಟ್ಟಿಸಿದರು. ಮುಖ ಅರಳಿತು.

"ಇದ್ನ ವಾಪಸ್ ಕಳಿಸ್ಬೇಡಿ, ಇಲ್ಲೇ ಇರ್ಲಿ," ಎಂದರು. "ಈ ಮನೆಗೆ ಸರ್ಯಾದ ಸೊಸೆ ಈಗ ಬಂದ್ಲು."