ಈಶಾನ್ಯ ಮೂಲೆಗೆ ಎರಡು ಚಕ್ರ

ಮಿಮಿಕ್ರಿ ಮಾಡುವವನ ಮಾತನ್ನು ಯಾರೂ ನಂಬುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಅವನು ಕೂಗಿಕೊಂಡರೂ ಜನ ಮೊದಲು "ಇದು ಯಾರ ದನಿ, ಗುರುತೇ ಸಿಗ್ತಿಲ್ವಲ್ಲ" ಎಂದು ಮೆಚ್ಚಿಕೊಂಡು ಆಮೇಲೆ ಬಕೆಟ್ ಹುಡುಕುತ್ತಾರೆ. ನಾನು ಈ ಪಂಗಡದವನು. ಮೈಸೂರಿನಲ್ಲಿದ್ದಾಗ ಎದುರು ಮನೆಯ ಕುಕ್ಕರಿನ ಸೀಟಿಯನ್ನು ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದೆನೆಂದರೆ, ಆ ಮನೆಯವರು ಎಷ್ಟೋ ದಿನ ಅರೆಬೆಂದ ಬೇಳೆಯ ಸಾರು ಉಂಡರಂತೆ. ನೌಕರಿಗೆಂದು ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆಗೆ ಬಂದ ಮೇಲೆ ನನ್ನ ಕಲೆ ಅಂತರರಾಷ್ಟ್ರೀಯ ಮಟ್ಟಕ್ಕೇರಿತು. ನಮ್ಮ ಮ್ಯಾನೇಜರ್ ಉಸಿರನ್ನು ಒಳಗೆಳೆದುಕೊಂಡು 'ಯಾ' ಎನ್ನುವುದನ್ನು ಅವನಿಗಿಂತ ಚೆನ್ನಾಗಿ ನಾನು ಅನ್ನುತ್ತಿದ್ದೆ. ಕೊರೋನಾ ಬಂದು ಆಫೀಸು ಮನೆಯ ಊಟದ ಮೇಜಿಗೆ ಬಂದಾಗ, ವೀಡಿಯೋ ಮೀಟಿಂಗಿನಲ್ಲಿ ನೆಟ್‌ವರ್ಕ್ ಹೋಗಿ ಹೆಪ್ಪುಗಟ್ಟಿದವನ ಅನುಕರಣೆಯನ್ನೂ ಕಲಿತೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಸಾಕು, ಬಾಯಿ ಅರ್ಧ ತೆರೆದು, ಒಂದು ರೆಪ್ಪೆ ಮುಚ್ಚಿ ನಿಂತುಬಿಡುತ್ತಿದ್ದೆ. ಇಂಥವನಿಗೆ ಒಮ್ಮೆ, ಕಿಲೋಗ್ರಾಮಿನಲ್ಲಿ ಹೇಳಬೇಕಾದ ಒಂದು ಗಂಭೀರ ಸತ್ಯವನ್ನು ಮನೆಯವರಿಗೆ ನಂಬಿಸಬೇಕಾದ ಪ್ರಸಂಗ ಬಂತು.

ಅದಕ್ಕೆ ಮೂಲ ನನ್ನ ಕಾರು. ಊರಿಗೆ ಊರೇ ಸೈಕಲ್ ತುಳಿಯುವ ಕಡೆ ನಾನೊಂದು ಮಧ್ಯಮ ಗಾತ್ರದ ಎಸ್‌ಯುವಿ ಕೊಂಡಿದ್ದೆ. ಯಾಕೆ ಎಂದು ಹೆಂಡತಿ ವಿದ್ಯಾ ಕೇಳಿದಾಗ "ಒಂದು ಗತ್ತು ಬೇಡ್ವಾ" ಎಂದಿದ್ದೆ. ಕೊಂಡು ಸ್ವಲ್ಪ ದಿನಕ್ಕೇ ಹೊರಗೆ ಹೋಗಬೇಡಿ ಎಂದು ಸರ್ಕಾರ ಹೇಳಿತು. ನನ್ನ ಗತ್ತು ಮನೆಯ ಮುಂದೆ ನಿಂತುಕೊಂಡು ಪಾರಿವಾಳಗಳ ಸೇವೆಗೆ ಮೀಸಲಾಯಿತು. ಆಗ ನಮ್ಮ ಮನೆಯಲ್ಲಿ ವಿದ್ಯಾಳ ಅಪ್ಪ ಅಮ್ಮನೂ ಇದ್ದರು. ಹುಬ್ಬಳ್ಳಿಯಿಂದ ಮಗಳ ಸಂಸಾರ ನೋಡಲು ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಬಿದ್ದಿದ್ದರು. ಮಾವ ಭೂಗೋಳದ ನಿವೃತ್ತ ಪ್ರಾಧ್ಯಾಪಕರು. ಬೆಳಗಿನ ಚಹಾ ಹಿಡಿದು ಕಿಟಕಿಯಲ್ಲಿ ನಿಂತು ನನ್ನ ಕಪ್ಪು ಕಾರನ್ನು ನೋಡುವರು.

"ಎಮ್ಮಿ ಛಲೋ ಐತಿ ಅಳಿಯಾರ. ಹಾಲು ಎಷ್ಟು ಕೊಡತೈತಿ?"

"ಹಾಲು ಕೊಡಲ್ಲ ಮಾವ. ಆದ್ರೆ ಹಿಂದೆ ಆನೆ ಕಟ್ಟಿದ್ರೂ ಎಳ್ಕೊಂಡು ಹೋಗತ್ತೆ."

ಆ ಮಾತನ್ನು ನಾನು ಆಡಬಾರದಿತ್ತು. ಪ್ರಾಧ್ಯಾಪಕರಾಗಿದ್ದವರು, ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಾರೆ.

ಅತ್ತೆಗೆ ನಮ್ಮಂಥ ಮಾತುಗಳಿರಲಿಲ್ಲ. ಅವರಿಗಿದ್ದ ಒಂದೇ ತಕರಾರು ಇಲ್ಲಿನ ಸೂರ್ಯನದು. ಸೂರ್ಯ ಮುಳುಗಿ ದೀಪ ಹಚ್ಚಿದ ಮೇಲೆಯೇ ರೊಟ್ಟಿ ಬಡಿಯಲು ಕೂರುವ ಹೆಂಗಸು, ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಮುಳುಗದ ಸೂರ್ಯನನ್ನು ಕಿಟಕಿಯಿಂದ ನೋಡುತ್ತಾ "ಇವಂಗ ಮನಿ ಮಠ ಇಲ್ಲೇನು" ಎನ್ನುತ್ತಿದ್ದರು. ನಾವೆಲ್ಲ ಹಸಿದು ಅವರ ಜೊತೆ ಸೂರ್ಯನನ್ನು ಬಯ್ಯುತ್ತಿದ್ದೆವು. ಹೀಗೆ ಬಯ್ಯುತ್ತಿದ್ದ ಒಂದು ಸಂಜೆ, ಭಾರತಕ್ಕೆ ವಿಶೇಷ ವಿಮಾನ ಬಿಡುತ್ತಾರಂತೆ, ಯಾವ ದಿನವಾದರೂ ಕರೆ ಬರಬಹುದು ಎಂಬ ಸುದ್ದಿ ಬಂತು. ಎಲ್ಲರೂ ಖುಷಿಪಟ್ಟೆವು. ಅತ್ತೆ ಮಾತ್ರ ದೀಪದ ಬತ್ತಿ ಹೊಸೆಯುತ್ತಾ, "ಇಲ್ಲಿ ಸಮುದ್ರ ಐತಂತಲ್ಲ, ಅದರಾಗ ಒಮ್ಮಿ ಕಾಲು ಇಟ್ಟು ಹೋಗಿದ್ರ ಛಲೋ ಇತ್ತು" ಎಂದರು. ಆಮೇಲೆ ಗೊತ್ತಾಯಿತು, ಅವರು ಇದುವರೆಗೆ ಸಮುದ್ರವನ್ನೇ ಕಂಡಿಲ್ಲ. ಹುಬ್ಬಳ್ಳಿಯಿಂದ ಕಾರವಾರ ಎಷ್ಟು ದೂರ? ಆದರೆ ಮದುವೆಯಾದಾಗಿನಿಂದ ಪ್ರತಿ ಸಲ ಹೊರಟಾಗಲೂ ಮಾವನಿಗೆ ದಿಕ್ಕೋ ದಿನವೋ ಕೂಡಿಬಂದಿರಲಿಲ್ಲ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ ಎಂಬುದು ಭೂಗೋಳದವರ ಧೈರ್ಯ.

ಎನ್ಸ್‌ಕೆಡೆ ದೇಶದ ಪೂರ್ವದ ತುದಿ, ಸಮುದ್ರ ಪಶ್ಚಿಮದ ತುದಿ. ಹೋಟೆಲಿನಲ್ಲಿ ಉಳಿಯಲು ಅತ್ತೆ ಒಪ್ಪರು, ಅಲ್ಲಿ ಯಾರು ಯಾರು ಕೆಮ್ಮಿ ಹೋಗಿರುತ್ತಾರೋ. ಹೋಗಿ ಅಂದೇ ಬರೋಣವೆಂದರೆ ಸೂರ್ಯ ಮುಳುಗುವುದನ್ನು ನೋಡಿಕೊಂಡೇ ಬರಬೇಕಂತೆ. ಮೇಲಾಗಿ ಮಾವನಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಎದ್ದುಹೋಗಬೇಕು, ದಾರಿಯ ಶೌಚಾಲಯಗಳಿಗೆಲ್ಲ ಬೀಗ. ಡೇರೆ ಹೊಡೆದು ತಂಗುವ ಕ್ಯಾಂಪಿಂಗ್ ಜಾಗಗಳು ತೆರೆದಿದ್ದರೂ ಅಲ್ಲಿನ ಸಾರ್ವಜನಿಕ ಶೌಚಾಲಯ ಮುಚ್ಚಿತ್ತು, ಬರುವವರು ತಮ್ಮದನ್ನು ತಾವೇ ತರಬೇಕು. ಒಟ್ಟು ಲೆಕ್ಕ ಹಾಕಿದರೆ ನಮಗೆ ಬೇಕಾದದ್ದು ಅಡುಗೆಮನೆ, ಹಾಸಿಗೆ, ಶೌಚಾಲಯ ಮೂರೂ ಇರುವ, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಅಂದರೆ ಕ್ಯಾರವಾನ್. ಎಲ್ಲರೂ ನನ್ನನ್ನೂ ಕಿಟಕಿಯಾಚೆಯ ಎಮ್ಮೆಯನ್ನೂ ನೋಡಿದರು. ನನ್ನ ಎದೆ ಉಬ್ಬಿತು.

ಪಕ್ಕದ ಮನೆಯ ವಿಲೆಮ್ ಹುಟ್ಟಿದ್ದೇ ಕ್ಯಾರವಾನಿನಲ್ಲಿ ಇರಬೇಕು. ಕೊರೋನಾ ನಿಯಮದಂತೆ ಬೇಲಿಯಾಚೆ ಒಂದೂವರೆ ಮೀಟರ್ ದೂರ ನಿಂತು ನನಗೆ ಪಾಠ ಮಾಡಿದ. ಅವನ ಪ್ರತಿ ವಾಕ್ಯವೂ 'ಕೈಕ್' ಎಂದು ಶುರುವಾಗುತ್ತದೆ. ಡಚ್ಚಿನಲ್ಲಿ ಹಾಗೆಂದರೆ 'ನೋಡು'. ಕೈಕ್, ಖಾಲಿ ಕ್ಯಾರವಾನಿನ ತೂಕ ನಂಬಬೇಡ, ತುಂಬಿದಾಗ ಎಷ್ಟಾಗಬಹುದೋ ಅದನ್ನು ನೋಡು. ಕೈಕ್, ನಿನ್ನ ಕಾರು ಸಾವಿರದ ಏಳುನೂರು ಕಿಲೋ ಎಳೆಯಬಲ್ಲದು ನಿಜ, ಆದರೆ ನಿನ್ನ ಹತ್ತಿರ ಇರುವುದು ಮಾಮೂಲಿ ಲೈಸೆನ್ಸ್. ಅದರಲ್ಲಿ ಕಾರು, ಕ್ಯಾರವಾನ್ ಎರಡರ ಪೂರ್ತಿ ತೂಕವೂ ಸೇರಿ ಮೂರೂವರೆ ಸಾವಿರ ಕಿಲೋ ದಾಟುವ ಹಾಗಿಲ್ಲ. ನಿನ್ನ ಕಾರೇ ಎರಡು ಸಾವಿರದ ಇನ್ನೂರೈವತ್ತು ತಿನ್ನುತ್ತದೆ. ಉಳಿದದ್ದು ಸಾವಿರದ ಇನ್ನೂರೈವತ್ತು. ಅಷ್ಟರೊಳಗೆ ಸಿಕ್ಕರೆ ತಗೋ, ಇಲ್ಲದಿದ್ದರೆ ಟೆಂಟ್ ಹೊಡಿ.

ಆ ಬೇಸಿಗೆ ದೇಶದವರೆಲ್ಲ ಕ್ಯಾರವಾನ್ ಹುಡುಕುತ್ತಿದ್ದರು. ಊರಾಚೆಯ ಒಂದು ಹುಲ್ಲುಗಾವಲಿನಲ್ಲಿ ಹಳೆಯವನ್ನು ಮಾರುವವನ ಬಳಿ ನಮ್ಮ ಅಳತೆಗೆ ಬರುವಂಥವು ಎರಡೇ ಉಳಿದಿದ್ದವು. ನಾವು ನಾಲ್ವರೂ ಹೋದೆವು, ವಿಲೆಮ್ ತನ್ನ ಸೈಕಲಿನಲ್ಲಿ ಬಂದ. ಒಂದು ದೊಡ್ಡದು, ಅರ್ಧಚಂದ್ರಾಕಾರದ ಸೋಫಾ ಇರುವಂಥದ್ದು, ತುಂಬಿದಾಗ ಸಾವಿರದ ಆರುನೂರು ಕಿಲೋ. ಇನ್ನೊಂದು ಚಿಕ್ಕದು, ಸಾವಿರದ ಇನ್ನೂರು. ನಾನು ಚಿಕ್ಕದರ ಮುಂದೆ ನಿಂತು ಬೆಲೆ ಮಾತಾಡುವಷ್ಟರಲ್ಲಿ ಮಾವ ಫೋನಿನಲ್ಲಿ ದಿಕ್ಸೂಚಿ ತೆರೆದು ಒಳಗೆ ಹೋಗಿ, ಬಾಗಿಲಲ್ಲೇ ತಲೆ ಅಲ್ಲಾಡಿಸಿದರು.

"ಇದು ಬ್ಯಾಡ್ರಿ. ಈಶಾನ್ಯ ಮೂಲ್ಯಾಗ ಸಂಡಾಸ ಐತಿ. ಒಲಿ ನೋಡಿದ್ರ ನೈಋತ್ಯಕ್ಕೈತಿ. ದೊಡ್ಡದು ನೋಡ್ರಿ, ಒಲಿ ಬರೋಬ್ಬರಿ ಆಗ್ನೇಯಕ್ಕ ಕುಂತೈತಿ."

"ಅದು ಭಾರ ಆಗತ್ತೆ ಮಾವ."

"ಆನಿ ಎಳೀತೈತಿ ಅಂದಿದ್ರಲ್ಲ ನೀವ?"

ನಾನು ವಿವರಿಸಲು ಹೊರಟೆ. ಆದರೆ ತೂಕದ ವಿಷಯ ನನ್ನ ತಲೆಗೆ ಹೋದದ್ದು ವಿಲೆಮ್‌ನ ದನಿಯಲ್ಲಿ, ಹೊರಗೆ ಬಂದದ್ದೂ ಅದೇ ದನಿಯಲ್ಲಿ. "ಕೈಕ್, ಮಾವ" ಎಂದು ಕೈಯೆತ್ತಿದೆ. ವಿದ್ಯಾ ಕಿಸಕ್ಕನೆ ನಕ್ಕಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ, "ಥೇಟ್ ಆಂವನ ಹಂಗ, ಮತ್ತೊಮ್ಮೆ ಮಾಡ್ರಿ" ಎಂದರು. ಅಷ್ಟು ದೂರದಲ್ಲಿ ನಿಂತಿದ್ದ ವಿಲೆಮ್‌ಗೆ ಮಾತ್ರ ಇದು ಯಾರ ದನಿಯೆಂದು ತಿಳಿಯಲಿಲ್ಲ, ಅವನೂ ಸೌಜನ್ಯಕ್ಕೆ ನಕ್ಕ. ನನ್ನ ಸತ್ಯಕ್ಕೆ ಭರ್ಜರಿ ಚಪ್ಪಾಳೆ ಬಿತ್ತು, ಆದರೆ ಯಾರ ತಲೆಗೂ ಒಂದು ಕಿಲೋ ಕೂಡ ಇಳಿಯಲಿಲ್ಲ.

"ಹೋಗ್ಲಿ ಬಿಡ್ರಿ" ಎಂದರು ಅತ್ತೆ, ಬೂಟಿಗೆ ಅಂಟಿದ ಹುಲ್ಲನ್ನು ನೋಡುತ್ತಾ. "ಕಾರವಾರಕ್ಕನ ಹೋದ್ರಾತು ಮುಂದ." ಮದುವೆಯಾದಾಗಿನಿಂದ ಆಡಿ ಆಡಿ ನುಣುಪಾದ ಮಾತು ಅದು. ಅದನ್ನು ಕೇಳಿ ನನಗೆ ಯಾರನ್ನೂ ಅಣಕಿಸುವ ಮನಸ್ಸಾಗಲಿಲ್ಲ. ದೊಡ್ಡದನ್ನು ಕೊಂಡರೆ ಪೊಲೀಸರು ಹಿಡಿಯುತ್ತಾರೆ, ಇಲ್ಲವೇ ಇಳಿಜಾರಿನಲ್ಲಿ ಅದೇ ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಚಿಕ್ಕದನ್ನು ಕೊಂಡರೆ ಮಾವ ಹತ್ತುವುದಿಲ್ಲ, ಅವರು ಹತ್ತದಿದ್ದರೆ ಅತ್ತೆ ಹತ್ತುವುದಿಲ್ಲ. ನಾನು ಚಿಕ್ಕದರ ಸುತ್ತ ಒಂದು ಸುತ್ತು ಬಂದೆ. ಸಿಟ್ಟಿಗೆ ಅದರ ಟೈರಿಗೊಂದು ಒದೆ ಕೊಟ್ಟೆ. ಒದ್ದ ಕಾಲು ಅಲ್ಲೇ ನಿಂತಿತು.

"ಮಾವ," ಎಂದೆ, "ಇದಕ್ಕೆ ಚಕ್ರ ಇದೆ."

"ಇದ್ರ?"

"ಈಶಾನ್ಯ ಇರೋದು ಗೋಡೇಲಲ್ಲ, ಭೂಮೀಲಿ. ಭೂಗೋಳ ನಿಮ್ಮ ಸಬ್ಜೆಕ್ಟು. ನಿಮ್ಮ ಹುಬ್ಬಳ್ಳಿ ಮನೆ ತಿರುಗಲ್ಲ, ಇದು ತಿರುಗತ್ತೆ. ಎಲ್ಲಿ ನಿಲ್ಲಿಸ್ತೀವೋ ಅಲ್ಲಿ ಬೇಕಾದ ಹಾಗೆ ತಿರುಗಿಸ್ಕೊಂಡ್ರಾಯ್ತು."

ಎಷ್ಟೋ ವರ್ಷ ಭೂಮಿ ತಿರುಗುತ್ತದೆಂದು ಪಾಠ ಹೇಳಿದವರಿಗೆ ಮನೆ ತಿರುಗಬಹುದೆಂದು ಹೊಳೆದಿರಲಿಲ್ಲ. ಮಾವ ದಿಕ್ಸೂಚಿಯನ್ನು ಎದೆಯ ಮಟ್ಟಕ್ಕೆ ಹಿಡಿದು, "ತಿರುಗಸ್ರಿ ನೋಡೂಣು" ಎಂದರು. ನಾನು, ವಿಲೆಮ್, ಗಮ್‌ಬೂಟಿನ ಮಾರಾಟಗಾರ ಮೂವರೂ ಒಂದೂವರೆ ಮೀಟರ್ ನಿಯಮ ಮುರಿಯದೆ ಒಂದೊಂದು ಮೂಲೆ ಹಿಡಿದು ದೂಡಿದೆವು. ಎಡಕ್ಕೆ ಕಾಲು ಸುತ್ತು ತಿರುಗುವಷ್ಟರಲ್ಲಿ ಮಾವನ ಕೈ ಮೇಲೆದ್ದಿತು. ಶೌಚಾಲಯ ವಾಯವ್ಯಕ್ಕೆ ಬಂದಿತ್ತು, ಶಾಸ್ತ್ರಕ್ಕೆ ಅಭ್ಯಂತರವಿಲ್ಲದ ಜಾಗ. ಒಲೆ ಆಗ್ನೇಯಕ್ಕೆ. ಖಾಲಿಯಾದ ಈಶಾನ್ಯದಲ್ಲಿ ಕಿಟಕಿಯ ಕೆಳಗೆ ಒಂದು ಪುಟ್ಟ ಹಲಗೆ, ದೀಪ ಇಡಲೆಂದೇ ಮಾಡಿದಂತೆ. ಅತ್ತೆ ಆ ಹಲಗೆಯನ್ನು ಸೆರಗಿನಿಂದ ಒರೆಸಿದರು. ವ್ಯಾಪಾರ ಮುಗಿಯಿತು ಎಂದು ಡಚ್ ಮಾರಾಟಗಾರನಿಗೂ ಅರ್ಥವಾಯಿತು.

ಹೊರಡುವ ದಿನ ಇನ್ನೊಂದು ಪರೀಕ್ಷೆ ಕಾದಿತ್ತು. ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಇಷ್ಟು ಭಾರ ಊರಬೇಕು ಎಂದು ಲೆಕ್ಕವಿದೆ. ಮೂತಿ ತೀರ ಹಗುರವಾದರೆ ರಸ್ತೆಯಲ್ಲಿ ಬಾಲ ಕುಣಿಯತೊಡಗುತ್ತದೆ, ಕುಣಿತ ಹೆಚ್ಚಿದರೆ ಕಾರನ್ನೂ ಕರೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ವಿಲೆಮ್ ನಮ್ಮ ಬಾತ್‌ರೂಮಿನ ತೂಕದ ಯಂತ್ರವನ್ನು ತರಿಸಿ, ಮೇಲೊಂದು ಮರದ ತುಂಡಿಟ್ಟು, ಮೂತಿಯನ್ನು ಅದರ ಮೇಲೆ ಇಳಿಸಿದ. ಇಪ್ಪತ್ತು ಕಿಲೋ ತೋರಿಸಿತು. ಅದರ ಮೂರು ಪಟ್ಟಾದರೂ ಇರಬೇಕಿತ್ತು.

"ಆ ಮಷೀನು ಸುಳ್ಳು ಹೇಳತೈತಿ ಅಂತ ನಾ ಮೊದ್ಲಿಂದ ಹೇಳಾಕ್ಹತ್ತೇನಿ" ಎಂದರು ಅತ್ತೆ. ಅವರು ಅದರ ಮೇಲೆ ಹತ್ತುವುದನ್ನು ಬಿಟ್ಟದ್ದೂ ಅದೇ ಕಾರಣಕ್ಕಂತೆ.

ಆದರೆ ಯಂತ್ರ ಸತ್ಯವನ್ನೇ ಹೇಳಿತ್ತು. ಹಿಂಬದಿಯ ಹಾಸಿಗೆ ಎತ್ತಿ ನೋಡಿದರೆ ಸೋನಾ ಮಸೂರಿಯ ಮೂಟೆ, ಜೋಳದ ಹಿಟ್ಟು, ಕಬ್ಬಿಣದ ಹಂಚು, ಉಪ್ಪಿನಕಾಯಿ ಭರಣಿ, ಶೇಂಗಾ ಚಟ್ನಿಯ ಡಬ್ಬಿಗಳು ಮತ್ತು ಕಲ್ಲಿನ ಕುಟ್ಟಾಣಿ ಸಾಲಾಗಿ ಮಲಗಿದ್ದವು. ಒಂದು ರಾತ್ರಿಯ ಪ್ರಯಾಣಕ್ಕೆ.

"ಅಮ್ಮ, ಕುಟ್ಟಾಣಿ ಯಾಕ?" ವಿದ್ಯಾ ಕೇಳಿದಳು.

"ಸಮುದ್ರದ ದಂಡ್ಯಾಗ ಚಟ್ನಿ ತಿನ್ನಬಾರದಂತೇನು?"

ಕುಟ್ಟಾಣಿಯನ್ನು ಬಿಟ್ಟುಬರಲು ನಾನು ಹೇಳಲಿಲ್ಲ. ಎಲ್ಲವನ್ನೂ ಚಕ್ರದ ನೇರಕ್ಕೆ ನೆಲದ ಮೇಲೆ ಜೋಡಿಸಿ, ಅಕ್ಕಿಯ ಮೂಟೆಯನ್ನು ಮಾತ್ರ ಮುಂದಕ್ಕೆ ತಂದೆ. ಯಂತ್ರ ಎಪ್ಪತ್ತು ತೋರಿಸಿತು. ಊರ ಹೊರಗೆ ಲಾರಿಗಳನ್ನು ತೂಗುವ ಕಟ್ಟೆಯ ಮೇಲೆ ಇಡೀ ಸಂಸಾರವನ್ನು ನಿಲ್ಲಿಸಿ ನೋಡಿದಾಗಲೂ ಮಿತಿಯೊಳಗೇ ಇದ್ದೆವು. ನಮ್ಮ ಕಡೆಯವರೊಬ್ಬರು ಸಾಮಾನು ಹೆಚ್ಚಾಗದೆ ಪ್ರಯಾಣ ಹೊರಟದ್ದು ಅದೇ ಮೊದಲಿರಬೇಕು.

ಹೆದ್ದಾರಿಯಲ್ಲಿ ಮೊದಲ ಲಾರಿ ನಮ್ಮನ್ನು ಹಿಂದೆ ಹಾಕಿದಾಗ ನಾನು ಉಸಿರು ಬಿಗಿಹಿಡಿದೆ. ಗಾಳಿ ಬಡಿಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಮನೆ ಅಲುಗಾಡದೆ, ಸಭ್ಯ ಸೊಸೆಯಂತೆ ಹಿಂದೆ ಬರುತ್ತಿತ್ತು. ಎರಡನೆಯ ಲಾರಿ, ಮೂರನೆಯದು, ಒಂದು ಬಸ್ಸು. ಸಮುದ್ರಕ್ಕೆ ಹತ್ತಿರದ ಹಾರ್ಲೆಮ್ ಊರು ದಾಟುವಷ್ಟರಲ್ಲಿ ನಾನು ಸೀಟಿ ಹೊಡೆಯುತ್ತಿದ್ದೆ. "ಎಮ್ಮಿ ಛಲೋ ಎಳೀತು" ಎಂದರು ಮಾವ. ಆ ಸರ್ಟಿಫಿಕೇಟನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ, ಕಾಗದದಲ್ಲಿ ಕೊಟ್ಟಿದ್ದರೆ.

ಕ್ಯಾಂಪಿಂಗಿನಲ್ಲಿ ಎಲ್ಲ ಕ್ಯಾರವಾನುಗಳೂ ದಾರಿಗೆ ಮುಖ ಮಾಡಿ ಕವಾಯತಿಗೆ ನಿಂತಂತೆ ನಿಂತಿದ್ದವು. ನಮ್ಮದೊಂದನ್ನು ಮಾತ್ರ ಮಾವನ ದಿಕ್ಸೂಚಿಯ ಪ್ರಕಾರ ಅಡ್ಡಡ್ಡ ತಿರುಗಿಸುತ್ತಿರುವಾಗ ಮೇಲ್ವಿಚಾರಕ ಬಂದು ಯಾಕೆ ಎಂದು ಕೇಳಿದ. ನಾನು ಸೊಂಟದ ಮೇಲೆ ಕೈಯಿಟ್ಟು, ಆಕಾಶ ನೋಡಿ, ವಿಲೆಮ್‌ನ ದನಿಯಲ್ಲಿ "ಕೈಕ್..." ಎಂದು ಎಳೆದು, ಗಾಳಿ ಎಂದೆ. ಅವನೂ ಆಕಾಶ ನೋಡಿ, ಉಸಿರೆಳೆದುಕೊಂಡು 'ಯಾ' ಎಂದು ಹೊರಟುಹೋದ. ಡಚ್ಚರಿಗೆ ವಾಸ್ತು ತಿಳಿಯದು, ಆದರೆ ಗಾಳಿಯ ಹೆಸರಿನಲ್ಲಿ ಏನು ಮಾಡಿದರೂ ಅವರು ಒಪ್ಪುತ್ತಾರೆ.

ಸೂರ್ಯ ನೀರಿಗಿಳಿಯುವ ಹೊತ್ತಿಗೆ ಅತ್ತೆ ಸೀರೆಯನ್ನು ಮೊಣಕಾಲ ಮಟ್ಟ ಎತ್ತಿ ಸಮುದ್ರದಲ್ಲಿ ನಿಂತರು. ನೀರು ಐಸಿನಂತಿತ್ತು. ಮೊದಲ ಅಲೆ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ನಾಲ್ಕು ಹೆಜ್ಜೆ ಮುಂದೆ ಹೋದರು. ಎಷ್ಟು ಕರೆದರೂ ಬರಲಿಲ್ಲ. ದಂಡೆಯಲ್ಲಿ ಚಪ್ಪಲಿ ಕಾಯುತ್ತಾ ನಿಂತ ಮಾವ ತುಸು ಹೊತ್ತಿನ ಬಳಿಕ ಪ್ಯಾಂಟು ಮಡಚಿಕೊಂಡು ತಾವೂ ಇಳಿದರು. ಆ ದಿನ ರಾಹುಕಾಲ ಎಷ್ಟು ಗಂಟೆಗಿತ್ತೋ, ಯಾರೂ ನೋಡಿರಲಿಲ್ಲ. ತಿರುಗಿ ಬಂದು ಈಶಾನ್ಯದ ಹಲಗೆಯ ಮೇಲೆ ದೀಪ ಹಚ್ಚಿದಾಗ ಸೂರ್ಯನೂ ಅತ್ತೆಯೂ ಆ ಬೇಸಿಗೆಯಲ್ಲಿ ಮೊದಲ ಸಲ ಒಂದೇ ಗಡಿಯಾರ ನೋಡಿದ್ದರು. ಕುಟ್ಟಾಣಿಯಲ್ಲಿ ಕುಟ್ಟಿದ ಚಟ್ನಿಯಲ್ಲಿ ಸ್ವಲ್ಪ ಮರಳಿತ್ತು. ಯಾರೂ ಹೇಳಲಿಲ್ಲ.

ರೊಟ್ಟಿ ಮುಗಿಸಿ ನಾನು ಹೊರಗೆ ಕುರ್ಚಿ ಹಾಕಿ ಕಾಲು ಚಾಚಿ, ನನ್ನ ವಿಜಯವನ್ನು ನಾನೇ ಸವಿಯುತ್ತಿದ್ದೆ. ಒಳಗೆ ಮಾವ ಹುಬ್ಬಳ್ಳಿಯ ತಮ್ಮನನ್ನು ಅಲ್ಲಿನ ನಡುರಾತ್ರಿಯಲ್ಲೇ ಎಬ್ಬಿಸಿ ವೀಡಿಯೋ ಕರೆಯಲ್ಲಿ ದಿನದ ಕಥೆ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅಲ್ಲಿ ಒಬ್ಬ ಅಪರಿಚಿತ ಮಾತಾಡಿದ. ಮೂಗಿನಲ್ಲಿ ಮಾತು, ಪ್ರತಿ ಪದದ ಕೊನೆಗೆ ಸಣ್ಣದೊಂದು ಏರು, ಲೋಕಕ್ಕೇ ಪಾಠ ಹೇಳುವವನ ಗತ್ತು: "ಮಾವ, ಇದಕ್ಕೆ ಚಕ್ರ ಇದೆ."

ಫೋನಿನಾಚೆ ಹುಬ್ಬಳ್ಳಿ ಬಿದ್ದು ಬಿದ್ದು ನಕ್ಕಿತು. ಅತ್ತೆ ನಕ್ಕರು. ವಿದ್ಯಾ ಅಂತೂ "ಅಪ್ಪ, ಮತ್ತೊಮ್ಮೆ, ಮತ್ತೊಮ್ಮೆ" ಎಂದು ಬೇಡಿಕೊಳ್ಳುತ್ತಿದ್ದಳು. ನಾನೂ ನಗುತ್ತಾ, ಯಾರಪ್ಪಾ ಇವನು, ಇಷ್ಟು ಜಂಬದವನನ್ನು ನಾನೆಲ್ಲೂ ಕಂಡಿಲ್ಲವಲ್ಲ ಎಂದುಕೊಂಡೆ. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆಗ ಬಾಯಿ ಅರ್ಧ ತೆರೆದು, ಒಂದು ರೆಪ್ಪೆ ಮುಚ್ಚಿ ಕುಳಿತುಬಿಟ್ಟೆ. ಈ ಸಲ ಅದು ಅನುಕರಣೆಯಾಗಿರಲಿಲ್ಲ.