ಉಡಿ ತುಂಬಿಸಿಕೊಂಡ ತಂಬೂರಿ

ಒಂದು ತಂಬೂರಿಯನ್ನು ಆಫ್ರಿಕಾಕ್ಕೆ ಕಳಿಸುವುದು ಏನು ಮಹಾ ಕೆಲಸ? ರಾಯಬಾಗದ ಹೈಸ್ಕೂಲಿನಲ್ಲಿ ಆಗಲೇ ಹದಿನೆಂಟು ವರ್ಷ ವಿಜ್ಞಾನ ಕಲಿಸಿದ್ದವನು ನಾನು. ಗುರುತ್ವಾಕರ್ಷಣೆ, ಘರ್ಷಣೆ, ಕಂಪನ ಎಲ್ಲವೂ ನನ್ನ ಬೆರಳ ತುದಿಯಲ್ಲಿದ್ದವು. ದಾರಿಯಲ್ಲಿ ತಂಬೂರಿ ಒಡೆಯಬೇಕೆಂದರೆ ಇವುಗಳಿಂದಲೇ ಒಡೆಯಬೇಕು ತಾನೆ? ಹಾಗಾಗಿ ಹೆಂಡತಿ ಮಾತು ತೆಗೆದ ಕೂಡಲೇ, "ನೀ ಸುಮ್ನ ಕುಂದ್ರ. ನಾ ಅದೀನಿ," ಎಂದುಬಿಟ್ಟೆ.

"ನೀವ್ ಅದೀರಿ ಅಂತನ ನನಗ ಹೆದರಿಕಿ," ಎಂದಳು ಶಕುಂತಲಾ.

ತಂಬೂರಿ ನನ್ನ ಮಾವನವರದು. ಅಥಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವರು ಸಂಜೆ ಅಂಗಡಿ ಮುಚ್ಚಿದರೆಂದರೆ ಹಾಡಿಗೆ ಕೂಡುತ್ತಿದ್ದರು. ಮಿರಜಿನಲ್ಲಿ ಹೇಳಿ ಮಾಡಿಸಿದ್ದ ಆ ತಂಬೂರಿಯ ಬುರುಡೆ ತುಂಬಿದ ಕೊಡದಷ್ಟು ದೊಡ್ಡದು, ಕೋಳಿಮೊಟ್ಟೆಯಷ್ಟು ನಾಜೂಕು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನನ್ನ ಹೆಂಡತಿ. ಅವಳಿಗೆ ಹಾಡಲು ಬರುವುದಿಲ್ಲ, ಹೇಳಲು ಬರುತ್ತದೆ. ಕಿರಿಯವಳು ಮಾಲತಿ ಅಪ್ಪನ ಪಕ್ಕದಲ್ಲೇ ಕೂತು ಹಾಡು ಕಲಿತವಳು. ಆಕೆಯ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ಎಂಬತ್ತರ ದಶಕದಲ್ಲಿ ಅವನಿಗೆ ಕೀನ್ಯಾದ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕು, ಇಬ್ಬರೂ ಇಲ್ಲಿನ ಕಬ್ಬು ಬಿಟ್ಟು ಅಲ್ಲಿನ ಕಬ್ಬಿಗೆ ಹೋದರು. ಆ ಮೇಲೆ ಮಾವನವರು ತೀರಿಕೊಂಡರು. ತಂಬೂರಿ ನಮ್ಮ ಮನೆಯ ಗೋಡೆಗೆ ಬಂತು.

ವರ್ಷದ ಮೇಲೆ ಮಾಲತಿಯ ಪತ್ರ ಬಂತು. "ಅಕ್ಕಾ, ನಾ ಹಾಡೂದ ಬಿಟ್ಟೇನಿ. ಬಾಯಿ ತಗದ್ರ ಅಪ್ಪನ ತಂಬೂರಿ ಕೇಳಿಸಿದಂಗ ಆಗ್ತೈತಿ. ಹೊಳ್ಳಿ ನೋಡಿದ್ರ ಬರೇ ಗ್ವಾಡಿ. ಹೆಂಗರ ಮಾಡಿ ಅದನ್ನ ಕಳಸಾಕ ಆಗ್ತೈತೇನು?"

ಶಕುಂತಲಾ ಪತ್ರ ಮಡಿಚಿ ಹೇಳಿದಳು: "ಅಕಿ ಹಾಡೂದ ಬಿಟ್ರ ಅಪ್ಪ ಎರಡನೇ ಸರ್ತಿ ಹೋದಂಗ್ರಿ."

ನಾನು ಎದ್ದು ಅಳತೆ ಪಟ್ಟಿ ಹುಡುಕಿದೆ.

ಬಡಿಗೇರ ಈರಪ್ಪ ನಮ್ಮ ಭಾಗದಲ್ಲಿ ಚಕ್ಕಡಿ ಮಾಡುವುದಕ್ಕೆ ಹೆಸರಾದವನು. ಅವನಿಗೆ ಒಂದು ನಕ್ಷೆ ಬರೆದುಕೊಟ್ಟು, "ಗಟ್ಟಿ ಇರ್ಲಿ ಈರಪ್ಪ, ಸಮುದ್ರ ದಾಟಬೇಕು," ಎಂದೆ. ಈರಪ್ಪ ಸಮುದ್ರವನ್ನು ನೋಡಿರಲಿಲ್ಲ. ನೋಡದ ಕಾರಣ ಅದು ಎಷ್ಟು ಕೆಟ್ಟದ್ದಿರಬಹುದೋ ಅಷ್ಟನ್ನೂ ಊಹಿಸಿಕೊಂಡು, ದಪ್ಪ ದಪ್ಪ ಜಾಲಿ ಹಲಗೆ ಜೋಡಿಸಿ, ನಾಲ್ಕು ಮೂಲೆಗೂ ಕಬ್ಬಿಣದ ಪಟ್ಟಿ ಬಡಿದ.

"ಇದರ ಮ್ಯಾಲ ಆನಿ ನಿಂತ್ರೂ ಏನೂ ಆಗೂದಿಲ್ರಿ ಸರ!"

ತಂಬೂರಿಯನ್ನು ಒಂದು ಕೈಯಲ್ಲಿ ಎತ್ತಬಹುದಿತ್ತು. ಪೆಟ್ಟಿಗೆಗೆ ನಾಲ್ಕು ಜನ ಬೇಕಾದರು! ಆ ಉದ್ದನೆಯ ಪೆಟ್ಟಿಗೆಯನ್ನು ನಾಲ್ವರು ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಬರುತ್ತಿದ್ದರೆ, ಮುಂದೆ ನಾನು ಗಂಭೀರವಾಗಿ ನಡೆಯುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ರುಮಾಲು ತೆಗೆದು ಎದ್ದು ನಿಂತರು.

"ಯಾರ್ ಹೋದ್ರೋ ತಮ್ಮಾ?"

"ತಂಬೂರಿ ರೀ ಅಜ್ಜಾರ."

"ಪಾಪ, ವಯಸ್ಸ ಎಷ್ಟಾಗಿತ್ತು?"

ಮನೆಗೆ ತಂದು ತಂಬೂರಿ ಮಲಗಿಸಿ ನೋಡಿದರೆ ಮುಚ್ಚಳ ಕೂಡಲೊಲ್ಲದು. ನಕ್ಷೆಯಲ್ಲಿ ಉದ್ದ ಬರೆದಿದ್ದೆ, ಅಗಲ ಬರೆದಿದ್ದೆ. ಬುರುಡೆಗೆ ಎತ್ತರವೂ ಇರುತ್ತದೆ ಎಂಬುದನ್ನು ಬಿಟ್ಟಿದ್ದೆ! ಈರಪ್ಪ ಮುಚ್ಚಳದ ಮೇಲೆ ಸಣ್ಣ ಗೂಡಿನಂಥದ್ದೊಂದನ್ನು ಎಬ್ಬಿಸಿಕೊಟ್ಟ. ಸಮುದ್ರದ ತೇವ ಒಳಗೆ ನಿಲ್ಲಬಾರದೆಂದು ನಾನು ಅದರ ಸುತ್ತ ಗಾಳಿಗೆ ತೂತು ಕೊರೆಸಿದೆ. ಆ ತೂತುಗಳು ಪೂರ್ತಿ ನನ್ನ ಸ್ವಂತ ಬುದ್ಧಿ ಎಂಬುದನ್ನು ಓದುಗರು ನೆನಪಿಡಬೇಕು.

ಇನ್ನು ಒಳಗೆ ಏನು ತುಂಬುವುದು? ಪ್ರಯೋಗ ಮಾಡದೆ ನಿರ್ಣಯಕ್ಕೆ ಬರುವವನಲ್ಲ ನಾನು. ಬುರುಡೆಯ ಬದಲು ಒಂದು ದೊಡ್ಡ ಕುಂಬಳಕಾಯಿ ಇಟ್ಟು, ಸುತ್ತ ಕಬ್ಬಿನ ಒಣಗಿದ ಗರಿ, ಅಂದರೆ ರವದಿ, ಒತ್ತಿ, ನಾಲ್ವರಿಂದ ಪೆಟ್ಟಿಗೆ ಎತ್ತಿಸಿ, ಶಾಲೆಯ ಕಟ್ಟೆಯಿಂದ ಕೆಳಗೆ ಬಿಡಿಸಿದೆ. ಪೆಟ್ಟಿಗೆಗೆ ಏನೂ ಆಗಲಿಲ್ಲ. ಕುಂಬಳಕಾಯಿ ಎರಡು ಹೋಳಾಯಿತು. ಮರುದಿನ ರವದಿ ತೆಗೆದು ಮಕ್ಕಳ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿದೆ. ಎರಡನೇ ಕಾಯಿ ಚೂರು ಚೂರಾಯಿತು. ಆ ಉತ್ತರಗಳಲ್ಲಿ ಹುರುಳಿಲ್ಲವೆಂದು ನಾನು ಮೊದಲೇ ಕೆಂಪು ಶಾಯಿಯಲ್ಲಿ ಬರೆದಿದ್ದೆ! ಮೂರನೆಯ ದಿನ ಎರಡನ್ನೂ ಕೂಡಿಸಿ ತುಂಬಿದೆ. ಕಾಯಿ ಬರೀ ಸೀಳಿತ್ತು.

"ಅರ್ಧ ಗೆದ್ದಂಗಾತು!" ಎಂದು ಮನೆಗೆ ಬಂದು ಸಾರಿದೆ.

ಶಕುಂತಲಾ ಒಲೆಯ ಮುಂದೆ ಕುಂಬಳಕಾಯಿ ಗಾರಿಗೆ ಕರಿಯುತ್ತಿದ್ದಳು. ಹಿಂದಿನ ದಿನ ಪಲ್ಯ, ಅದರ ಹಿಂದಿನ ದಿನ ಸಾರು. "ಅಪ್ಪನ ತಂಬೂರಿ ಅರ್ಧ ಸೀಳಿದ್ರ ಮಾಲು ಅರ್ಧ ಹಾಡ್ತಾಳೇನ್ರಿ?" ಎಂದಳು. ನಾನು ಬಿಸಿ ಗಾರಿಗೆಯೊಂದನ್ನು ಬಾಯಿಗೆ ಹಾಕಿಕೊಂಡೆ.

ಹೊರಡುವ ಹಿಂದಿನ ದಿನ ರವದಿ, ಉತ್ತರಪತ್ರಿಕೆಗಳ ನಡುವೆ ತಂಬೂರಿ ಮಲಗಿಸಿಟ್ಟಿದ್ದೆ; ಆಗ ಪಕ್ಕದ ಮನೆಯ ಬಾಳವ್ವ ಬಂದಳು. ಓಣಿಯ ಕೌದಿಗಳನ್ನೆಲ್ಲ ಹೊಲಿದ ಮುದುಕಿ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ ಕೇಳಿದಳು: "ಉಡಿ ತುಂಬೀರಿಲ್ಲೋ?"

"ಉಡಿ ತುಂಬೂದು ಹೆಣ್ಣಮಕ್ಕಳಿಗೆ. ತಂಬೂರಿಗ್ಯಾಕ?" ಎಂದೆ.

"ತವರ ಬಿಟ್ಟ ಹೊಂಟೈತಿ. ಬರೇ ಉಡಿಲೆ ಕಳಸ್ತೀರೇನು?"

ಶಕುಂತಲಾಳ ಮುಖ ನೋಡಿದೆ. ಅಲ್ಲಿ ಆಗಲೇ ಮಂಜೂರಾತಿ ಆಗಿತ್ತು. ನಾನು ಶಾಲೆಯ ದನಿಯಲ್ಲಿ ವಿವರಿಸಿದೆ: "ನೋಡ್ರಿ, ಹೊರದೇಶಕ್ಕ ಹೋಗೂ ಸಾಮಾನಿನಾಗ ಅಕ್ಕಿ, ಕೊಬ್ಬರಿ ಏನೂ ಇರಬಾರ್ದು. ಕಾನೂನ ಐತಿ. ನಾ ಸಹಿ ಮಾಡಬೇಕು." ಇಬ್ಬರೂ ಬಹಳ ವಿನಯದಿಂದ ತಲೆಯಾಡಿಸಿದರು. ಅಷ್ಟು ವಿನಯ ಕಂಡಾಗಲೇ ನನಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ! ನಾನು ರಜೆಯ ಅರ್ಜಿ ಕೊಡಲು ಶಾಲೆಗೆ ಹೋದೆ. ಬರುವಷ್ಟರಲ್ಲಿ ಈರಪ್ಪ ಮುಚ್ಚಳಕ್ಕೆ ಮೊಳೆ ಬಡಿದಾಗಿತ್ತು.

ಟೆಂಪೋದಲ್ಲಿ ಮಿರಜು, ಅಲ್ಲಿಂದ ರೈಲಿನಲ್ಲಿ ಮುಂಬಯಿ. ನಾನೂ ಪೆಟ್ಟಿಗೆಯೂ ಬಂದರಿನ ಗೋದಾಮು ಮುಟ್ಟಿದೆವು. ಅಲ್ಲೊಂದು ಫಾರ್ಮು ಕೊಟ್ಟರು. ವಸ್ತು: ಸಂಗೀತ ವಾದ್ಯ, ಒಂದು. ಯಾವುದರಿಂದ ಮಾಡಿದ್ದು? ಅದೇ ಕಾಲಂನಲ್ಲಿ ನನ್ನ ವಿಜ್ಞಾನ ಜಾಗೃತವಾಯಿತು. ಸುಳ್ಳು ಬರೆಯಬಾರದು, ಅರ್ಧ ಸತ್ಯವನ್ನೂ ಬರೆಯಬಾರದು. ತಂಬೂರಿಯ ಬುರುಡೆ ಕುಂಬಳದ ಜಾತಿಯ ಒಣಗಿಸಿದ ಕಾಯಿ. ಇಂಗ್ಲಿಷಿನಲ್ಲಿ ದುಂಡಗೆ ಬರೆದೆ: 'ಒಣ ಕುಂಬಳಕಾಯಿ, ಕಟ್ಟಿಗೆ ಮತ್ತು ತಂತಿ.'

ಗುಮಾಸ್ತ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಮರಾಠಿಯಲ್ಲಿ, "ಭಾಜಿಪಾಲೆಯ ಟೇಬಲ್ಲು ಆ ಕಡೆ," ಎಂದ.

ಆ ಕಡೆಯವರು ಕಾಯಿಪಲ್ಲೆ ಕೊಳೆಯದೆಂಬ ಸರ್ಟಿಫಿಕೇಟು ಕೇಳಿದರು. ಇದು ಮೂವತ್ತು ವರ್ಷದ ಕುಂಬಳಕಾಯಿ ಎಂದು ತಿಳಿಸಿದೆ. ಅವರಿಗೆ ಅದರಿಂದ ಸಮಾಧಾನವಾಗಲಿಲ್ಲ! ಕೊನೆಗೆ ನನ್ನನ್ನೂ ಪೆಟ್ಟಿಗೆಯನ್ನೂ ಹಿರಿಯ ಅಧಿಕಾರಿಯೊಬ್ಬರ ಮುಂದೆ ನಿಲ್ಲಿಸಿದರು. ನಡುವಯಸ್ಸಿನ ಹೆಣ್ಣುಮಗಳು, ಕಾಟನ್ ಸೀರೆ, ಗಟ್ಟಿ ದನಿ. ನಮ್ಮ ಗಡಿನಾಡಿನ ಮರಾಠಿಯಲ್ಲಿ ನಾನು ಎದೆ ತಟ್ಟಿ ಹೇಳಿದೆ: "ಬಾಯಿ, ಇದರೊಳಗೆ ತಿನ್ನುವ ಪದಾರ್ಥ ಒಂದು ಕಾಳೂ ಇಲ್ಲ. ಬೇಕಾದರೆ ತೆರೆದು ನೋಡಿ."

ತೆರೆದರು.

ನನ್ನ ಉತ್ತರಪತ್ರಿಕೆ ಒಂದೂ ಇರಲಿಲ್ಲ. ಮೇಲೆ ಕುಪ್ಪಸದ ಹಸಿರು ಖಣ. ಅದರಲ್ಲಿ ಕಟ್ಟಿದ್ದ ಗಂಟು ಬಿಚ್ಚಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ. ನಾನು ಯಾವುದನ್ನೆಲ್ಲ ಇಲ್ಲವೆಂದು ಸಹಿ ಮಾಡಿದ್ದೆನೋ ಅವೆಲ್ಲ ಒಂದೊಂದಾಗಿ ಮೇಜಿನ ಮೇಲೆ ಬಂದು ಕೂತವು! ಕೆಳಗೆ, ಕೂಸನ್ನು ಸುತ್ತಿದ ಹಾಗೆ, ಎರಡು ಕೌದಿಗಳಲ್ಲಿ ತಂಬೂರಿ. ಆ ಕೌದಿಗಳನ್ನು ಗುರುತಿಸಿದೆ. ನನ್ನ ಅತ್ತೆಯವರ ಹಳೆಯ ಸೀರೆಗಳಿಂದ ಬಾಳವ್ವ ಹೊಲಿದಿದ್ದವು. ಶಕುಂತಲಾ ಅವನ್ನು ತನ್ನ ಟ್ರಂಕಿನ ತಳದಲ್ಲಿಟ್ಟು ಯಾರಿಗೂ ಹೊದೆಯಲು ಕೊಡುತ್ತಿರಲಿಲ್ಲ. ನೌಕರಿ ಹೋಗುವುದು ಆಮೇಲಿನ ಮಾತು, ತಂಬೂರಿಯನ್ನು ಜಪ್ತಿ ಮಾಡಿದರೆ ಮನೆಗೆ ಹೋಗಿ ಏನು ಹೇಳಲಿ?

ಆ ಅಧಿಕಾರಿ ಬಾಯಿ ಅರಿಷಿಣ ಕೊಂಬನ್ನು ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಗ್ ಬಾಈ! ಹೀ ತರ ಓಟೀ!"

ನಮ್ಮ ಉಡಿಯನ್ನೇ ಮರಾಠಿಯವರು ಓಟಿ ಎನ್ನುತ್ತಾರೆ. ಯಾರ ಓಟಿ ಇದು ಎಂದು ಕೇಳಿದರು. ಮಾವನವರು, ಮಾಲತಿ, ಅವಳು ಬಿಟ್ಟ ಹಾಡು, ಎಲ್ಲವನ್ನೂ ತೊದಲುತ್ತ ಹೇಳಿದೆ. ಅವರು ತಂತಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಗೋದಾಮಿನ ಗದ್ದಲದಲ್ಲಿ ಅದು ಮೆಲ್ಲಗೆ ಗುಂಯ್ ಎಂದಿತು. ಫಾರ್ಮಿನಲ್ಲಿದ್ದ ನನ್ನ ಕುಂಬಳಕಾಯಿಯನ್ನು ಹೊಡೆದುಹಾಕಿಸಿ, ನನ್ನ ಕೈಯಿಂದಲೇ ಹೊಸದಾಗಿ ಬರೆಸಿದರು: ವಾದ್ಯ ಒಂದು, ಹಾಸಿಗೆ ಬಟ್ಟೆ ಎರಡು, ಖಣ ಒಂದು. ಅಕ್ಕಿ ಕೊಬ್ಬರಿ ಮಾತ್ರ ಹಡಗು ಹತ್ತುವಂತಿಲ್ಲ ಎಂದರು.

"ಆದರೆ ಓಟಿಯನ್ನು ಚೆಲ್ಲಬಾರದು. ಹಿಡಿಯಿರಿ!"

ಎಲ್ಲಿ ಹಿಡಿಯಲಿ? ಚೀಲವಿರಲಿಲ್ಲ, ಟವೆಲಿರಲಿಲ್ಲ. ಅಂಗಿಯ ಮುಂಭಾಗವನ್ನೇ ಎರಡೂ ಕೈಯಿಂದ ಎತ್ತಿ ಹಿಡಿದೆ. ಇಡೀ ಗೋದಾಮು ನೋಡುತ್ತಿದ್ದಂತೆ ರಾಯಬಾಗದ ವಿಜ್ಞಾನ ಶಿಕ್ಷಕನಿಗೆ ಆ ತಾಯಿ ಉಡಿ ತುಂಬಿದರು! ಹಮಾಲರು ನಕ್ಕರು. ನಕ್ಕ ಆ ಹಮಾಲರೇ ಮತ್ತೆ ಕೌದಿ ಸುತ್ತಿ, ಕೂಸು ಮಲಗಿಸಿದಷ್ಟು ಜೋಕೆಯಿಂದ ಪೆಟ್ಟಿಗೆ ಮುಚ್ಚಿದರು. ಖಣವನ್ನು ಮಡಿಚಿ ಮೂಲೆಗೆ ಗಂಟು ಹಾಕುವಾಗ ಐದು ಕಾಳು ಅಕ್ಕಿ ಅದರಲ್ಲೇ ಉಳಿದವು. ಆ ತಾಯಿ ಅದನ್ನು ನೋಡಲಿಲ್ಲ. ನಾನೂ ನೋಡಲಿಲ್ಲ. ಅವರ ಹೆಸರನ್ನು ಸಹ ಕೇಳದೆ ಬಂದೆ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಅವರು ಎಲ್ಲಿದ್ದರೂ ತಣ್ಣಗಿರಲಿ.

ಊರಿಗೆ ಬಂದಾಗ ಬಾಗಿಲಲ್ಲೇ ಬಾಳವ್ವ ಕೂತಿದ್ದಳು. ದಾರಿಯಲ್ಲಿ ಕೊಂಡ ಟವೆಲಿನಲ್ಲಿ ನಾನು ಕಟ್ಟಿ ತಂದಿದ್ದ ಗಂಟನ್ನು ಬಿಚ್ಚಿ ನೋಡಿ, ಒಳಗೆ ಕೂಗಿದಳು: "ಶಕುಂತಲಾ, ಬಾ ಬೇ! ಸರ ತವರ ಮನಿಗೆ ಹೋಗಿ ಉಡಿ ತುಂಬಿಸ್ಕೊಂಡ ಬಂದಾರ!"

ನಾನು ಸಿಟ್ಟಾಗಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಶಕುಂತಲಾ ಕೇಳಿದ್ದು ಒಂದೇ: "ತಂಬೂರಿ ಹೋತೇನ್ರಿ?" ಹೋಯಿತು ಎಂದೆ. ಅವಳು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. ಸಿಟ್ಟಿನ ಮಾತೆಲ್ಲ ಮರೆತುಹೋಯಿತು. ಆ ಅಕ್ಕಿಯಲ್ಲಿ ಸಿಹಿಯನ್ನ ಮಾಡಿದಳು, ಈರಪ್ಪನನ್ನೂ ಕರೆದು ಉಂಡೆವು.

ನಾಲ್ಕು ತಿಂಗಳ ಮೇಲೆ ಕೀನ್ಯಾದಿಂದ ಒಂದು ಕ್ಯಾಸೆಟ್ಟು, ಒಂದು ಪತ್ರ ಬಂದವು. "ಅಕ್ಕಾ, ಪೆಟಿಗಿಗೆ ದಾರ್‍ಯಾಗ ಭಾಳ ಪೆಟ್ಟ ಬಿದ್ದಾವು. ತಂಬೂರಿಗೆ ಅವ್ವನ ಕೌದಿ ಇತ್ತು, ಏನೂ ಆಗಿಲ್ಲ. ಖಣದ ಗಂಟಿನಾಗ ಐದ ಕಾಳ ಅಕ್ಕಿ ಇದ್ದು, ಅನ್ನಕ್ಕ ಹಾಕ್ಕೊಂಡ ಉಂಡ್ವಿ. ಮಾಮಾಗ ಹೇಳು, ಅವರ ಪೆಟಿಗಿ ಛಲೋ ಐತಿ. ಮ್ಯಾಲ ಗೂಡ, ಗಾಳಿಗೆ ತೂತ, ಎಲ್ಲಾ ಮೊದಲ ಮಾಡಿ ಕಳಿಸ್ಯಾರ. ಅದರಾಗ ಈಗ ಆರ ಕೋಳಿ ಅದಾವು."

ಕ್ಯಾಸೆಟ್ಟು ಹಾಕಿದೆವು. ಮೊದಲು ತಂಬೂರಿ, ಅಥಣಿಯ ಆ ಸಂಜೆಗಳಲ್ಲಿ ಕೇಳುತ್ತಿದ್ದ ಹಾಗೆಯೇ. ಸ್ವಲ್ಪ ಹೊತ್ತಿನ ಮೇಲೆ ಮಾಲತಿಯ ದನಿ. ಬಾಳವ್ವ ಕೈ ಮುಗಿದಳು.

ಇಷ್ಟು ವರ್ಷದಲ್ಲಿ ಆ ಕ್ಯಾಸೆಟ್ಟನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಎರಡನೇ ಹಾಡು ಮುಗಿಯುತ್ತ ಬಂದಾಗ ಶಕುಂತಲಾ ಪ್ರತಿ ಸಲವೂ ಬೆರಳೆತ್ತಿ, ಮನೆಗೆ ಬಂದವರನ್ನೆಲ್ಲ ಸುಮ್ಮನಿರಿಸಿ ಹೇಳುತ್ತಾಳೆ: "ತಡೀರಿ, ಈಗ ಇವರ ವಿಜ್ಞಾನ ಬರ್ತೈತಿ."

ಹಿಂದಿನಿಂದ ಕೋಳಿ ಕೊಕ್ಕೊಕ್ಕೋ ಎನ್ನುತ್ತದೆ.