ಹಣೆಗೆ ಅಂಟದ ಯೂರೋ

ಇಂದ,
ಬಾರ್ತೊಲ್ ಲೆಶಿಚ್,
ಹಗಲು ಹೆಂಚು ಹೊದಿಸುವವನು, ಸಂಜೆ ಬೆರ್ದೆ ಬಾರಿಸುವವನು,
ಅಗ್ನಿಶಾಮಕ ಠಾಣೆಯ ಎದುರುಮನೆ, ಸ್ತಾರಿ ಬ್ರೆಸ್ತ್ ಹಳ್ಳಿ,
ಸ್ಲಾವೋನಿಯಾ ಸೀಮೆ, ಕ್ರೊಯೇಷಿಯಾ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ನೋಟು ಮತ್ತು ನಾಣ್ಯಗಳ ಆಕಾರ ವಿಭಾಗ,
ಇಪ್ಪತ್ತು ದೇಶಗಳ ಒಂದೇ ಹಣದ ಕಚೇರಿ.

ವಿಷಯ: ಒಂದು ಯೂರೋ ಬೆಲೆಯ ಕಾಗದದ ನೋಟು ಮುದ್ರಿಸಬೇಕೆಂದು ಇದೇ ಅರ್ಜಿದಾರ ಸಲ್ಲಿಸಿದ್ದ ಅರ್ಜಿಯನ್ನು ದಯವಿಟ್ಟು ತಿರಸ್ಕರಿಸುವ ಬಗ್ಗೆ.

ಉಲ್ಲೇಖ:
1. ಅರ್ಜಿದಾರನ ಕಳೆದ ವರ್ಷದ ಅರ್ಜಿ.
2. ಅದರ ಬಗ್ಗೆ ಅರ್ಜಿದಾರನೇ ಕಳಿಸಿದ ಜ್ಞಾಪನ ಪತ್ರ, ಸ್ವಲ್ಪ ಖಾರವಾದದ್ದು.
3. "ತಮ್ಮ ಸಲಹೆ ಪರಿಶೀಲನೆಯಲ್ಲಿದೆ" ಎಂಬ ತಮ್ಮ ಉತ್ತರ. ಅರ್ಜಿದಾರನ ಎದೆ ಧಸಕ್ಕೆಂದದ್ದು ಇದನ್ನು ಓದಿಯೇ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಕಳೆದ ವರ್ಷ ತಮ್ಮ ಕಾಲು ಹಿಡಿದು ಕೇಳಿದ್ದನ್ನು ಈಗ ತಾವು ಎಲ್ಲಿ ಕೊಟ್ಟುಬಿಡುತ್ತೀರೋ ಎಂಬ ಭಯದಲ್ಲಿ ಅರ್ಜಿದಾರ ಬಾರ್ತೊಲ್‌ನಿಗೆ ಊಟ ಸೇರುತ್ತಿಲ್ಲ. ಕಚೇರಿಗಳು ಕೇಳಿದ್ದನ್ನು ಕೊಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಜನ ಅರ್ಜಿ ಹಾಕುವುದು. ತಾವು ನಿಜವಾಗಿಯೂ ಪರಿಶೀಲಿಸಲು ಕೂತಿದ್ದರಿಂದ ಆ ಧೈರ್ಯಕ್ಕೆ ಕುತ್ತು ಬಂದಿದೆ. ಕಾರಣ, ನಡೆದದ್ದನ್ನು ಮೊದಲಿನಿಂದ ನಿವೇದಿಸಿಕೊಳ್ಳುವುದು ಅನಿವಾರ್ಯವಾಗಿದೆ.

1. ಅರ್ಜಿದಾರ ಮದುವೆ, ಕೂಟಗಳಿಗೆ ಹೋಗುವ ನಾಲ್ವರ ತಂತಿವಾದ್ಯದ ಮೇಳದಲ್ಲಿ ಬೆರ್ದೆ ಬಾರಿಸುತ್ತಾನೆ. ಬೆರ್ದೆ ಆಳೆತ್ತರದ ವಾದ್ಯ, ನಿಂತೇ ಬಾರಿಸಬೇಕು. ಒಂದು ಕೈ ತಂತಿ ಒತ್ತಬೇಕು, ಇನ್ನೊಂದು ಮೀಟಬೇಕು. ಹಾಡು ನಡೆಯುವಾಗ ಅವನಿಗೆ ಮೂಗು ತುರಿಸಿದರೂ ದೇವರೇ ಗತಿ. ಸದರಿ ಎರಡು ಕೈಗಳ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕಾಗಿ ಕೋರಿಕೆ.

ನಮ್ಮ ಸೀಮೆಯಲ್ಲಿ ಹಾಡು ಬೇಕಾದವರು ಬಾಯಲ್ಲಿ ಕೇಳಿದರೆ ಸಾಲದು. ನೋಟೊಂದನ್ನು ತೆಗೆದು ಬಾರಿಸುವವನ ಹಣೆಗೆ ಅಂಟಿಸಬೇಕು. ಅಂಟು ಅವನದೇ ಬೆವರು. ಅಂಟಿದ್ದು ಬಾರಿಸುವವನದು, ಉದುರಿದ್ದು ಕೊಟ್ಟವರದು, ಅವರು ಮತ್ತೆ ಅಂಟಿಸಬೇಕು. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಆದರೆ ನಮ್ಮ ಪಾದ್ರಿಗಳೂ ಇದನ್ನು ಮುರಿದಿಲ್ಲ. ಮುಂದೆ ನಿಲ್ಲುವ ಯೋಜಾ ನಮ್ಮ ಮೇಳದ ಮುಖ್ಯಸ್ಥ; ಅವನ ಹಣೆ ಸಂಜೆಯಾಗುವಷ್ಟರಲ್ಲಿ ಚುನಾವಣೆಯ ಗೋಡೆಯಂತಿರುತ್ತಿತ್ತು. ಹಿಂದೆ ನಿಲ್ಲುವ ಬೆರ್ದೆಯವನ ಹಣೆ ಸಾಮಾನ್ಯವಾಗಿ ಖಾಲಿ.

2. ಆದರೆ ವರ್ಷಕ್ಕೊಮ್ಮೆ ಖಾಲಿ ಇರುತ್ತಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಊರಿನ ಅಗ್ನಿಶಾಮಕ ಸ್ವಯಂಸೇವಕರು ಠಾಣೆಯ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಮಾಂಸದ ಸಾರು ಕುದಿಸಿ ಕೂಟ ನಡೆಸುತ್ತಾರೆ. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ರೂಜಾ ಅಲ್ಲಿಗೆ ತಪ್ಪದೆ ಬರುತ್ತಾಳೆ. ಅವಳ ಗಂಡ ಪಾವೊ ಠಾಣೆಯ ಸ್ವಯಂಸೇವಕನಾಗಿದ್ದವನು, ಅರ್ಜಿದಾರನ ಗೆಳೆಯ. ಬೆಂಕಿಗೆ ಹೆದರದವನು ಹೃದಯಾಘಾತಕ್ಕೆ ಸಿಕ್ಕಿ ಹೋದ. ನೆರೆಯವನ ಬಾತುಕೋಳಿ ಕದ್ದ ಕಳ್ಳನ ಹಾಡೊಂದು ಅವನಿಗೆ ಪ್ರಾಣ. ಅದನ್ನು ಅವನು ಬೆರ್ದೆಯ ಪಕ್ಕದಲ್ಲಿ ನಿಂತೇ ಹಾಡುತ್ತಿದ್ದ, ಏಕೆಂದರೆ ಅವನ ಅಪಸ್ವರವನ್ನು ಮುಚ್ಚಿಹಾಕುವ ಶಕ್ತಿ ಇದ್ದದ್ದು ಆ ವಾದ್ಯಕ್ಕೊಂದೇ.

ಅವನು ಹೋದ ಮೇಲೆ ರೂಜಾ ಪ್ರತಿ ಆಗಸ್ಟಿನಲ್ಲೂ ಯೋಜಾನನ್ನು ದಾಟಿ ಹಿಂದಕ್ಕೆ ಬಂದು, ಆಗ ಚಲಾವಣೆಯಲ್ಲಿದ್ದ ಹತ್ತು ಕೂನಾದ ನೋಟನ್ನು ಅರ್ಜಿದಾರನ ಹಣೆಗಿಟ್ಟು, ಬೀಳದಿರಲೆಂದು ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದಳು. ಆ ಒತ್ತು ಅಂಚೆಯವನ ಠಸ್ಸೆಗಿಂತ ಹೆಚ್ಚು ಹೊತ್ತಿನದಲ್ಲ. ಅರ್ಜಿದಾರ ಅದರ ಮೇಲೆಯೇ ಒಂದು ವರ್ಷ ಕಳೆಯುತ್ತಿದ್ದ. ಅವನಿಗೆ ಅವಳ ಮೇಲೆ ಪ್ರೀತಿ ಇದೆ. ಛಾವಣಿಯ ತುದಿಯಲ್ಲಿ ಕೈಬಿಟ್ಟು ನಡೆಯುವ ಈ ಮನುಷ್ಯನಿಗೆ ಇದನ್ನು ಅವಳ ಮುಂದೆ ಹೇಳಲು ಮಾತ್ರ ಎಂದೂ ಬಾಯಿ ಬಂದಿಲ್ಲ.

3. ಹೀಗಿರುವಾಗ ಹೊಸ ವರ್ಷದ ದಿನ ದೇಶ ತನ್ನ ಕೂನಾ ಬಿಟ್ಟು ತಮ್ಮ ಯೂರೋ ಹಿಡಿಯಿತು. ಕಾಫಿಯ ಬೆಲೆಯನ್ನು ದುಂಡಗೆ ಮಾಡಿದರು, ದುಂಡಗಾದದ್ದು ಮೇಲಕ್ಕೇ. ಜನ ಹಾಸಿಗೆಯಡಿಯ ಹಳೆಯ ನೋಟುಗಳನ್ನು ಅಂಚೆ ಕಚೇರಿಗೆ ಹೊತ್ತರು. ದೇಶದ ಮಾನ ಹೋಯಿತೆಂದು ಅರ್ಜಿದಾರ ಗೋಳಾಡಲಿಲ್ಲ. ಹಳೆಯ ಹಣಕ್ಕೆ ಹೆಸರು ಕೊಟ್ಟ ಕೂನಾ ಎಂಬ ಪುಟ್ಟ ಕಾಡುಪ್ರಾಣಿಯನ್ನು ಹೊಸ ಒಂದು ಯೂರೋ ನಾಣ್ಯದ ಮೇಲೆ ಬಾಲ ಸಮೇತ ಉಳಿಸಿದ್ದಾರೆ, ಸಂತೋಷ. ತಮ್ಮ ನೋಟುಗಳ ಮೇಲೆ ಎಲ್ಲೂ ಇಲ್ಲದ ಸೇತುವೆಗಳ ಚಿತ್ರ ಹಾಕಿದ್ದೀರಿ, ಅದೂ ತಮ್ಮ ಇಷ್ಟ. ತಕರಾರು ಇದ್ದದ್ದು ಒಂದೇ: ತಮ್ಮಲ್ಲಿ ಐದು ಯೂರೋಗಿಂತ ಚಿಕ್ಕ ನೋಟಿಲ್ಲ. ಐದು ಯೂರೋ ಎಂದರೆ ಹತ್ತು ಕೂನಾದ ಹಳೆಯ ನೋಟು ಹತ್ತಿರಹತ್ತಿರ ನಾಲ್ಕು. ಬಾತುಕೋಳಿ ಕಳ್ಳನಿಗೆ ಅಷ್ಟು ಯಾರು ಕೊಡುತ್ತಾರೆ?

ಆದ್ದರಿಂದ ಊರಿನ ಹಣೆಗಳು ಬರಿದಾದವು. ನಾಣ್ಯ ಹಿಡಿದು ಬಂದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, ಬೆರ್ದೆಯ ಹೊಟ್ಟೆಯ ಕಿಂಡಿಯೊಳಗೆ ಹಾಕತೊಡಗಿದರು. ಕೆಳಸ್ವರ ಮೀಟಿದಾಗಲೆಲ್ಲ ಒಳಗೆ ಝಣಝಣ. ಮದುವೆ ಮುಗಿದ ಮೇಲೆ ಮೂರು ಜನ ಸೇರಿ ವಾದ್ಯವನ್ನು ತಲೆಕೆಳಗಾಗಿ ಹಿಡಿದು ಕುಲುಕಬೇಕಾಗುತ್ತಿತ್ತು. ಮೇಳ ಹಾಡು ಬಿಟ್ಟು ಸರ್ಕಸ್ಸಿಗೆ ಸೇರಿದೆಯೆಂದು ಊರವರು ನಕ್ಕರು.

4. ಆ ವರ್ಷದ ಕೂಟಕ್ಕೂ ರೂಜಾ ಬಂದಳು. ಯೋಜಾನನ್ನು ದಾಟಿ, ಎಂದಿನಂತೆ ಹಿಂದಕ್ಕೆ ಬಂದು, ಪರ್ಸು ತೆರೆದು ನಿಂತಳು. ಒಂದು ಯೂರೋ ನಾಣ್ಯ ತೆಗೆದಳು, ಅರ್ಜಿದಾರನ ಹಣೆ ನೋಡಿದಳು, ಕಿಂಡಿ ನೋಡಿದಳು. ಐದರ ನೋಟೂ ಪರ್ಸಿನಲ್ಲಿತ್ತು, ಅರ್ಜಿದಾರ ನೋಡಿದ್ದಾನೆ. ಆದರೆ ಪಿಂಚಣಿಯ ದುಡ್ಡು. ಮೇಲಾಗಿ ವಿಧವೆಯೊಬ್ಬಳು ಬೆರ್ದೆಯವನ ಹಣೆಗೆ ಐದು ಯೂರೋ ಅಂಟಿಸಿದಳೆಂದರೆ ಬೆಳಗಾಗುವುದರೊಳಗೆ ಊರು ಅವರಿಬ್ಬರ ಮದುವೆ ಮಾಡಿ, ಜಗಳ ಹಚ್ಚಿ, ಬೇರೆ ಮನೆಯನ್ನೂ ಮಾಡಿಸಿರುತ್ತಿತ್ತು.

"ರೂಜಾ, ದುಡ್ಡು ಬೇಡ. ಪಾವೊ ನನ್ನ ಗೆಳೆಯ, ಸುಮ್ನೆ ಬಾರಿಸ್ತೀನಿ" ಎಂದ ಅರ್ಜಿದಾರ.

"ಬದುಕಿದ್ದಾಗ ಅವ್ನು ಯಾರ ಹತ್ರನೂ ಪುಕ್ಕಟೆ ಹಾಡ್ಸಿದೋನಲ್ಲ. ಸತ್ತ ಮೇಲೆ ಯಾಕೆ ಅವ್ನ ಮರ್ಯಾದೆ ಕಳೀಲಿ?"

"ಹಾಗಾದ್ರೆ ಕಿಂಡೀಲಿ ಹಾಕು."

"ಚರ್ಚಿನ ಪೆಟ್ಟಿಗೇಗೂ ಹಾಗೇ ಹಾಕ್ತೀನಿ. ಅದು ನಿನಗೆ ಕೊಟ್ಟ ಹಾಗಾಗಲ್ಲ" ಎಂದು ಪರ್ಸು ಮುಚ್ಚಿ ಹೊರಟುಹೋದಳು. ಸಾರಿನ ತಟ್ಟೆಯನ್ನೂ ಮುಟ್ಟಲಿಲ್ಲ. ಆ ರಾತ್ರಿಯೇ ಅರ್ಜಿದಾರ ತಮಗೆ ಉಲ್ಲೇಖ ಒಂದನ್ನು ಬರೆದದ್ದು. ಅದರಲ್ಲಿ "ಜಾನಪದ ಪರಂಪರೆಯ ರಕ್ಷಣೆಗಾಗಿ" ಎಂಬ ಕಾರಣ ನೀಡಲಾಗಿತ್ತು. ಪರಂಪರೆ ಎಂಬಲ್ಲೆಲ್ಲ ತಾವು ರೂಜಾಳ ಹೆಬ್ಬೆರಳು ಎಂದು ಓದಿಕೊಳ್ಳತಕ್ಕದ್ದು.

5. ತಮ್ಮಿಂದ ಸುದ್ದಿಯಿಲ್ಲದೆ ಇನ್ನೊಂದು ಆಗಸ್ಟ್ ಬಂದುಬಿಟ್ಟಿತು, ಅಂದರೆ ಕಳೆದ ಶನಿವಾರ. ಕಚೇರಿಯನ್ನು ನಂಬಿದರೆ ಹಣೆಬರಹವೇ ಗತಿಯೆಂದ ಯೋಜಾ, ತನ್ನ ಹೆಂಡತಿ ಕಾಯಿಸಿದ್ದ ಪ್ಲಮ್ ಹಣ್ಣಿನ ಗಟ್ಟಿ ಪಾಕವನ್ನು ಡಬ್ಬಿಯಲ್ಲಿ ತಂದ. ಮೇಳದ ನಾಲ್ವರೂ ಹಣೆಗೆ ಬಳಿದುಕೊಂಡರು. ನಾಣ್ಯಗಳು ಅಂಟಿದವು, ಸುಳ್ಳು ಹೇಳಬಾರದು. ಎರಡನೆಯ ಹಾಡಿನ ಹೊತ್ತಿಗೆ ಕಣಜದ ಹುಳುಗಳೂ ಬಂದವು. ಎರಡೂ ಕೈ ತಂತಿಯ ಮೇಲಿದ್ದುದರಿಂದ ಅರ್ಜಿದಾರ ತಲೆಯಾಡಿಸಿ ಓಡಿಸಿದ. ಓಡಿದ ಹುಳು ನೇರ ಹೋಗಿ ಯೋಜಾನ ತುಟಿಗೆ ಕುಟುಕಿತು. ಠಾಣೆಯವರು ಬೆಂಕಿ ಬಿದ್ದಷ್ಟೇ ಉತ್ಸಾಹದಿಂದ ಪಂಪು ಬಿಟ್ಟು ನಾಲ್ವರ ಮುಖ ತೊಳೆದರು.

6. ಮುಖ ಒರೆಸಿಕೊಂಡು ಅರ್ಜಿದಾರ ಮತ್ತೆ ಬೆರ್ದೆ ಹಿಡಿದಾಗ ಎದುರಿಗೆ ರೂಜಾ. ಬಿಸಿಲು ಇನ್ನೂ ಇತ್ತು, ಇಡೀ ಅಂಗಳ ನೋಡುತ್ತಿತ್ತು. ಅವಳು ಒಂದು ಯೂರೋ ನಾಣ್ಯ ತೆಗೆದು ಅವನ ಹಣೆಗಿಟ್ಟಳು. ಬಿತ್ತು. ಎತ್ತಿ ಮತ್ತೆ ಇಟ್ಟಳು. ಮತ್ತೆ ಬಿತ್ತು. ಆಮೇಲೆ ಇಟ್ಟವಳು ಹೆಬ್ಬೆರಳು ತೆಗೆಯಲೇ ಇಲ್ಲ.

"ಬಾರಿಸು" ಎಂದಳು.

"ನಿಲ್ಲಲ್ಲ ರೂಜಾ, ಬೀಳುತ್ತೆ."

"ಹಿಡ್ಕೊಂಡಿದ್ದೀನಲ್ಲ. ನೀನು ತಲೆ ಅಲ್ಲಾಡಿಸ್ಬೇಡ."

ಬಾತುಕೋಳಿ ಕಳ್ಳನ ಹಾಡು ಶುರುವಾಯಿತು. ಕಳ್ಳ ಬೇಲಿ ಹಾರಿದ, ಬಾತು ಕೂಗಿತು, ಹೆಬ್ಬೆರಳು ಅಲ್ಲೇ ಇತ್ತು. ಒಂದು ಯೂರೋ ನಾಣ್ಯ ಬೀಳದಂತೆ ಹಿಡಿದುಕೊಂಡವಳ ಬಗ್ಗೆ ಊರಾದರೂ ಏನೆಂದು ಆಡಿಕೊಂಡೀತು? ಊದಿದ ತುಟಿಯ ಯೋಜಾ ಓರೆಗಣ್ಣಲ್ಲಿ ನೋಡಿ, ಕಳ್ಳ ಸಿಕ್ಕಿಬೀಳಬೇಕಾದ ಕಡೆಯ ಸಾಲು ಬರುತ್ತಿದ್ದಂತೆ ಹಾಡು ಮುಗಿಯದಂತೆ ಅವನನ್ನು ತಪ್ಪಿಸಿ ಮತ್ತೆ ಮೊದಲನೇ ಸಾಲಿನ ಬೇಲಿಯ ಹತ್ತಿರ ತಂದು ನಿಲ್ಲಿಸಿದ. ಯೋಜಾ ಅರ್ಜಿದಾರನಿಗೆ ಇಷ್ಟು ವರ್ಷಗಳಲ್ಲಿ ಮಾಡಿದ ಒಂದೇ ಉಪಕಾರ ಅದು.

ನಡುವೆ ರೂಜಾ ಮೆಲ್ಲಗೆ, "ಕೈ ಸೋತೋಯ್ತು" ಎಂದಳು. ಮುಗಿಯಿತು, ಇನ್ನು ತೆಗೆಯುತ್ತಾಳೆ ಎಂದುಕೊಂಡ ಅರ್ಜಿದಾರ. ಅವಳು ಕೈ ಬದಲಾಯಿಸಿದಳು. ಆಗ ಅರ್ಜಿದಾರನಿಗೆ ಅಳು ಬಂತು. ಒರೆಸಿಕೊಳ್ಳಲು ಅವನಿಗೆ ಕೈ ಖಾಲಿ ಇರಲಿಲ್ಲ. ಇದನ್ನು ಕಚೇರಿಯ ಭಾಷೆಯಲ್ಲಿ ಹೇಳುವ ದಾರಿ ಅವನಿಗೆ ತಿಳಿದಿಲ್ಲ.

ಹಾಡು ಮುಗಿದು ಅವಳು ಬೆರಳು ತೆಗೆದದ್ದೇ ನಾಣ್ಯ ಬಿತ್ತು. ಎತ್ತಿಕೊಂಡು, ಏಪ್ರನ್ನಿಗೆ ಒರೆಸಿ ಪರ್ಸಿಗೆ ಹಾಕಿಕೊಂಡಳು.

"ಉದುರಿತಲ್ಲ, ಹಾಗಾದ್ರೆ ಇದು ನಿನಗೆ ಸಂದ ಹಾಗಲ್ಲ. ಪಾವೊ ಹೆಂಡ್ತಿ ಬಾಕಿ ಉಳಿಸ್ಕೊಳ್ಳೋಳಲ್ಲ. ಬರೋ ಶನಿವಾರ ಯೋಜಾನ ಮಗಳ ಮದುವೆ ಇದೆಯಲ್ಲ, ಅಲ್ಲಿ ಇನ್ನೊಂದ್ಸಲ ಅಂಟಿಸಿ ನೋಡ್ತೀನಿ."

"ಅಲ್ಲೂ ಅಂಟದಿದ್ರೆ?"

"ನಿಮ್ಮ ಮೇಳಕ್ಕೆ ಅದೊಂದೇ ಮದುವೇನಾ?" ಎಂದು ಕೇಳಿ, ಸಾರಿನ ಹಂಡೆಯತ್ತ ನಡೆದಳು.

7. ಅರ್ಜಿದಾರ ಹಾರಿಕೊಂಡೇ ಮನೆಗೆ ಬಂದಾಗ ಬಾಗಿಲಲ್ಲಿ ಬಿದ್ದಿದ್ದದ್ದು ತಮ್ಮ ಪರಿಶೀಲನೆಯ ಪತ್ರ. ಅವನ ಸ್ಥಿತಿಯನ್ನು ತಾವೇ ಊಹಿಸಿಕೊಳ್ಳಬೇಕು. ತಾವು ಒಂದು ಯೂರೋ ನೋಟು ಮುದ್ರಿಸಿದರೆ ಅದು ಅಂಟುತ್ತದೆ. ಅಂಟಿದರೆ ಬಾಕಿ ತೀರುತ್ತದೆ. ಬಾಕಿ ತೀರಿದರೆ ಅರ್ಜಿದಾರನಿಗೆ ಮತ್ತೆ ವರ್ಷಕ್ಕೊಂದು ಠಸ್ಸೆ.

ಆದ್ದರಿಂದ ಮಾನ್ಯರು ದಯಮಾಡಿ,

(ಅ) ಉಲ್ಲೇಖ ಒಂದು ಮತ್ತು ಎರಡನ್ನು ಯಾವುದೇ ವಿಚಾರಣೆಯಿಲ್ಲದೆ, ಸಾಧ್ಯವಾದರೆ ಓದದೆಯೇ, ತಿರಸ್ಕರಿಸಬೇಕು;

(ಆ) ಇದೇ ಬಗೆಯ ನೋಟು ಕೇಳಿ ಬೇರೆ ಮೇಳದವರು ಅರ್ಜಿ ಹಾಕಿದರೆ ಅವರ ಹಣೆಯ ಸ್ಥಿತಿಯನ್ನು ಮೊದಲು ವಿಚಾರಿಸಬೇಕು;

(ಇ) ನಾಣ್ಯದ ಆಕಾರವನ್ನು ಎಂದಾದರೂ ಬದಲಿಸುವುದೇ ಆದರೆ, ಇನ್ನಷ್ಟು ನುಣುಪಾಗಿ, ಸ್ವಲ್ಪ ಭಾರವಾಗಿ ಮಾಡಿಸಬೇಕು.

ಈ ಕೃಪೆಗೆ ಅರ್ಜಿದಾರನೂ ಅವನ ಹಣೆಯೂ ತಮಗೆ ಸದಾ ಋಣಿ.

ತಮ್ಮ ವಿಶ್ವಾಸಿ,
ಬಾರ್ತೊಲ್ ಲೆಶಿಚ್

ಲಗತ್ತುಗಳು:
1. ರೂಜಾ ಕಡೆಯ ಬಾರಿ ಅಂಟಿಸಿದ ಹತ್ತು ಕೂನಾದ ನೋಟು, ಮೂಲಪ್ರತಿ. ಇದನ್ನು ಯೂರೋಗೆ ಬದಲಾಯಿಸಿಕೊಡುವ ಉಪಕಾರ ಬೇಡ. ನೋಡಿ ಹಿಂದಕ್ಕೆ ಕಳಿಸಬೇಕು. ಬೆವರಿನ ಕಲೆ ಒರೆಸಬಾರದು.
2. ಅರ್ಜಿದಾರನ ಹಣೆಯ ಫೋಟೋ. ನಾಣ್ಯದ ದುಂಡು ಗುರುತು ಸ್ಪಷ್ಟವಾಗಿ ಕಾಣುತ್ತದೆ.
3. ಯೋಜಾನ ಸಾಕ್ಷಿ ಹೇಳಿಕೆ. ತುಟಿ ಇಳಿದ ಮೇಲೆ ಸಲ್ಲಿಸಲಾಗುವುದು.

ಷರಾ: ಮದುವೆ ಈ ಶನಿವಾರ. ತಿರಸ್ಕಾರದ ಆದೇಶ ಶುಕ್ರವಾರದೊಳಗೆ ಕೈಸೇರುವಂತೆ ವ್ಯವಸ್ಥೆ ಮಾಡಬೇಕಾಗಿ ವಿನಂತಿ. ತಮ್ಮ ಕಚೇರಿಯ ಮೇಲೆ ಪೂರ್ತಿ ಭಾರ ಹಾಕುವುದು ಸರಿಯಲ್ಲವಾದ್ದರಿಂದ, ಅರ್ಜಿದಾರ ತನ್ನ ಪಾಲಿನ ಮುನ್ನೆಚ್ಚರಿಕೆಯಾಗಿ ಅಂದು ಹಣೆಯನ್ನು ಸಾಬೂನಿನಿಂದ ತೊಳೆದು, ಒರೆಸಿ, ಸ್ವಲ್ಪ ಎಣ್ಣೆ ಸವರಿಕೊಂಡು ಹೋಗಲಿದ್ದಾನೆ.